ಹಾಲಿನ ಚೀಟಿ ಹಿಂದಿನ ಕವಿತೆ ಪುಸ್ತಕವಾಗಿದ್ದು

ನಾನು ಹಾಸನ ತಾಲ್ಲೂಕಿನ ಒಂದು ಹಳ್ಳಿಯ ಮಹಿಳಾ ಹಾಲಿನ ಸೊಸೈಟಿಯಲ್ಲಿ ಕಾರ್ಯದರ್ಶಿ. ಬೆಳಿಗ್ಗೆ ಆರಕ್ಕೊಮ್ಮೆ, ಸಂಜೆ ಐದಕ್ಕೊಮ್ಮೆ ಹಾಲು ಅಳೆಯಬೇಕು. ನಡುವೆ ಸಿಗುವ ಹೊತ್ತಲ್ಲಿ ಫ್ಯಾಟಿನ ಚೀಟಿ (ಹಾಲಿನ ಕೊಬ್ಬಿನಂಶ ಬರೆದುಕೊಡುವ ಚೀಟಿ) ಹಿಂದೆ ಬರೆದೂ ಬರೆದೂ 110 ಕವಿತೆ ಆಗಿದ್ದವು. ಹೋದ ವರ್ಷ ಪುಸ್ತಕ ಬಂತು. ‘ಹೆಂಗೆ ಮಾಡಿಸಿದ್ರಿ, ಎಷ್ಟಾಯ್ತು?’ ಅಂತ ಕೇಳುವವರು ಜಾಸ್ತಿಯಾಗಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಾನು ಎಡವಿದ್ದನ್ನೇ ಹೇಳಿಬಿಡುತ್ತೇನೆ. ಒಬ್ಬ ಪ್ರಕಾಶಕರು ಫೋನಿನಲ್ಲೇ ಕವಿತೆ ಹೊಗಳಿದರು. 35 ಸಾವಿರ ಕೊಟ್ಟರೆ 500 ಪ್ರತಿ, ಅದರಲ್ಲಿ 300 ನನಗೇ ಅಂದರು. ಐದು ಸಾವಿರ ಮುಂಗಡ ಕಳಿಸಿದೆ. ಆಮೇಲೆ ಒಂದು ಕವಿತೆಯ ಬಗ್ಗೆ ಏನೋ ಕೇಳಿದಾಗ ಗೊತ್ತಾಯಿತು, ಅವರು ಒಂದನ್ನೂ ಓದಿರಲಿಲ್ಲ. ಮುಂಗಡ ವಾಪಸ್ ಬರಲಿಲ್ಲ. ‘ರಾಜ್ಯಮಟ್ಟದ ಪ್ರಶಸ್ತಿಗೆ ಆಯ್ಕೆಯಾಗಿದ್ದೀರಿ, ನೋಂದಣಿ ಶುಲ್ಕ ಕಟ್ಟಿ’ ಅನ್ನುವ ಮೆಸೇಜುಗಳೂ ಇದೇ ಜಾತಿಯವು. ದುಡ್ಡು ಕೇಳಿ ಶಾಲು ಹೊದಿಸುವವರಿಂದ ದೂರ ಇರಿ.

ಅದಾದ ಮೇಲೆ ಪುಸ್ತಕದ ಆಸೆ ಬದಿಗಿಟ್ಟು ಎರಡು ವರ್ಷ ಪತ್ರಿಕೆಗಳಿಗೆ ಕಳಿಸಿದೆ. ಹಾಸನದ ‘ಜನತಾ ಮಾಧ್ಯಮ’, ಆಮೇಲೆ ‘ತುಷಾರ’, ‘ಮಯೂರ’. ಒಂದು ಕವಿತೆಯನ್ನು ಒಂದೇ ಕಡೆಗೆ ಕಳಿಸಬೇಕು. ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಕೆಳಗೆ ವಿಳಾಸ, ಫೋನ್ ನಂಬರ್ ಹಾಕಿ, ಮರೆತುಬಿಡಬೇಕು. ಯಾವಾಗ ಹಾಕ್ತೀರಿ ಅಂತ ಕೇಳಬಾರದು. ಬಹಳಷ್ಟಕ್ಕೆ ಉತ್ತರವೇ ಬರಲಿಲ್ಲ. ಬೇಜಾರಾಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಅಚ್ಚಾದ ನಾಲ್ಕೈದನ್ನು ಓದಿ ಗುರುತಿಲ್ಲದವರು ಮಾತಾಡಿಸಿದರಲ್ಲ, ಆ ಧೈರ್ಯ ಮನೆಯವರ ಹೊಗಳಿಕೆಯಿಂದ ಬರುವುದಿಲ್ಲ.

ಹಾಸನ ಆಕಾಶವಾಣಿಯಲ್ಲೂ ಒಮ್ಮೆ ಓದಿದೆ. ಅಲ್ಲಿ ಕೂತಾಗ ನನ್ನ ಸಾಲು ನನಗೇ ಉಸಿರು ಕಟ್ಟಿಸಿತು. ಎಲ್ಲಿ ಉಸಿರು ತೆಗೆದುಕೊಂಡೆನೋ ಅಲ್ಲೆಲ್ಲ ಮನೆಗೆ ಬಂದು ಸಾಲು ಮುರಿದೆ. ಕವಿಗೋಷ್ಠಿಗಳಿಗೂ ಹೋಗಿ. ಒಂದೇ ಕವಿತೆ ಓದಿ ಅಂದರೆ ಒಂದೇ ಓದಿ. ಮೂರು ಓದುವವರಿಂದಾಗಿ ನನಗೆ ಸಂಜೆ ಹಾಲಿನ ಹೊತ್ತು ಎಷ್ಟು ಸಲ ತಪ್ಪಿದೆಯೋ!

ನಿಜವಾದ ಕೆಲಸ ಆಗಿದ್ದು ಒಬ್ಬ ನಿವೃತ್ತ ಕನ್ನಡ ಮೇಷ್ಟ್ರ ಜಗಲಿಯಲ್ಲಿ. ಮುನ್ನುಡಿ ಕೇಳೋಣ ಅಂತ ಕಟ್ಟು ಹಿಡಿದು ಹೋಗಿದ್ದೆ. ಅವರು ಪೆನ್ಸಿಲ್ ತಗೊಂಡರು. ಒಂದು ಕವಿತೆ ಹೀಗಿತ್ತು:

ಕ್ಯಾನಿನ ಬಾಯಿಗೆ ಹಾಸಿದ ಬಟ್ಟೆಯಲ್ಲಿ
ಒಂದು ಬಿಳಿ ಕೂದಲು.
ಹಸುವಿನದೋ
ತಂದವಳದೋ.
ಓ ಬದುಕೇ, ನೀನೆಷ್ಟು ವಿಚಿತ್ರ!

ಕೊನೆ ಸಾಲಿನ ಮೇಲೆ ಗೀಟೆಳೆದರು. ‘ಮೇಷ್ಟ್ರೇ, ಅರ್ಥ ಇರೋದೇ ಅದರಲ್ಲಿ’ ಅಂದೆ. ‘ಇಲ್ಲ ಕಣಮ್ಮಾ, ಅದು ನಿನ್ನ ಭಯ. ಓದೋರಿಗೆ ಗೊತ್ತಾಗಲ್ಲ ಅಂತ ನಿನಗೆ ಭಯ’ ಅಂದರು. ಮನಸ್ಸಿಗೆ ಚುಚ್ಚಿತು. ಎರಡು ವಾರ ಆ ಕಡೆ ತಲೆ ಹಾಕಲಿಲ್ಲ. ಆಮೇಲೆ ಇಡೀ ಕಟ್ಟು ತಿರುವಿ ನೋಡಿದರೆ ಮೂವತ್ತು ಕವಿತೆಗಳ ಬಾಲದಲ್ಲಿ ಅದೇ ‘ಓ’ ಕೂತಿತ್ತು! 110 ಇದ್ದದ್ದು 52ಕ್ಕೆ ಇಳಿಯಿತು. ಮುನ್ನುಡಿ ಬರೆಯುವವರು ಸಿಗುತ್ತಾರೆ. ಗೀಟೆಳೆಯುವವರನ್ನು ಹುಡುಕಿಕೊಳ್ಳಿ.

ಹಸ್ತಪ್ರತಿ ಸಿದ್ಧವಾದ ಮೇಲೆ ಅಚ್ಚಿಗೆ ಓಡುವ ಮುಂಚೆ ನೋಡಬೇಕಾದ ಬಾಗಿಲುಗಳಿವೆ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಸಹಾಯಧನ ಕೊಡುತ್ತದೆ. ನನಗೆ 47, ವಯಸ್ಸಿನ ಮಿತಿಯಲ್ಲೇ ಹೊರಗೆ. ಚಿಕ್ಕವರು ಬಿಡಬೇಡಿ, ಪ್ರಕಟಣೆ ಬಂದಾಗ ಅರ್ಜಿ ಹಾಕಿ. ಹಸ್ತಪ್ರತಿಗೇ ಕೊಡುವ ಪ್ರಶಸ್ತಿಗಳೂ ಇವೆ. ಉಡುಪಿಯ ಕಡೆಂಗೋಡ್ಲು ಕಾವ್ಯ ಪ್ರಶಸ್ತಿ, ಗದಗಿನ ವಿಭಾ ಸಾಹಿತ್ಯ ಪ್ರಶಸ್ತಿ. ನಾನು ಒಂದಕ್ಕೆ ಕಳಿಸಿದೆ, ಬರಲಿಲ್ಲ. ಆದರೂ ಆ ಕೊನೆ ತಾರೀಕಿನ ನೆಪದಲ್ಲೇ ಕಟ್ಟು ಪೂರ್ತಿಯಾಯಿತು.

ಕೊನೆಗೆ ನಾನೇ ಅಚ್ಚು ಹಾಕಿಸಿದೆ. ಡೆಮಿ ಅಳತೆ (ಸಾಮಾನ್ಯವಾಗಿ ಕನ್ನಡ ಪುಸ್ತಕಗಳು ಬರುವ ಅಳತೆ), 80 ಪುಟ. ಆಫ್‌ಸೆಟ್ ಅಚ್ಚಿನಲ್ಲಿ, ಅಂದರೆ ಪ್ಲೇಟು ಮಾಡಿ ಅಚ್ಚು ಹಾಕುವುದರಲ್ಲಿ, ಹದಿನಾರು ಪುಟಕ್ಕೆ ಒಂದು ಫಾರಂ (ಮಡಚಿದ ದೊಡ್ಡ ಹಾಳೆ) ಅನ್ನುವ ಲೆಕ್ಕ ಇರುತ್ತದೆ. ಹಾಗಾಗಿ 80 ಅಥವಾ 96ಕ್ಕೆ ಸರಿಹೊಂದಿಸಿಕೊಂಡರೆ ಖಾಲಿ ಪುಟಕ್ಕೆ ದುಡ್ಡು ದಂಡವಾಗುವುದಿಲ್ಲ. ಆದರೆ 200 ಪ್ರತಿಗೆ ಆಫ್‌ಸೆಟ್ ಗಿಟ್ಟಲ್ಲ, ಡಿಜಿಟಲ್ ಮಾಡಿಸಿದೆ. ಪ್ರತಿಗೆ 70 ರೂಪಾಯಿ ಬಿತ್ತು. ಸಾವಿರ ಪ್ರತಿ ಹಾಕಿಸಿದರೆ ಅಗ್ಗ ಅನ್ನುತ್ತಾರೆ. ಹೌದು, ಆದರೆ ಎಲ್ಲಿಡುತ್ತೀರಿ?

ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಡಿಟಿಪಿ ಅಂಗಡಿಯಲ್ಲಿ ಮಾತ್ರ ಮಗ್ಗುಲಲ್ಲೇ ಕೂರಬೇಕು. ನನ್ನ ಯೂನಿಕೋಡ್ ಫೈಲನ್ನು ಹುಡುಗ ‘ನುಡಿ’ ಅನ್ನುವ ಕನ್ನಡ ತಂತ್ರಾಂಶದ ಅಕ್ಷರಕ್ಕೆ ಬದಲಾಯಿಸಿದ. ‘ಅರ್ಧ ಲೀಟರು’ ಹೋಗಿ ‘ಅಧ೯ ಲೀಟರು’ ಆಗಿತ್ತು. ಅರ್ಕಾವೊತ್ತು ಹೋದ ಕಡೆಯೆಲ್ಲ ಒಂಬತ್ತು! ಚೆಂದ ಕಾಣಲಿ ಅಂತ ಸಾಲುಗಳನ್ನು ಎರಡೂ ಅಂಚಿಗೆ ಎಳೆದು ಕೂರಿಸಿದ್ದ. ‘ಹಸುವಿನದೋ’, ‘ತಂದವಳದೋ’ ಎರಡೂ ಒಂದೇ ಸಾಲಿಗೆ ಬಂದಿದ್ದವು. ‘ಜಾಗ ಉಳೀತದಲ್ಲ ಅಕ್ಕಾ’ ಅಂದ. ಆ ಖಾಲಿ ಜಾಗವೂ ಕವಿತೆಯೇ ಅಂತ ಅವನಿಗೆ ಒಪ್ಪಿಸಲು ಎರಡು ಟೀ ಬೇಕಾಯಿತು. ಕರಡನ್ನು ಮೂರು ಸಲ ತಿದ್ದಿದೆ, ಮೂರನೆಯ ಸಲ ಮಗಳಿಂದ ಜೋರಾಗಿ ಓದಿಸಿಕೊಂಡು.

ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ನಂಬರಿಗೆ ಒಬ್ಬರು ಎರಡು ಸಾವಿರ ಹೇಳಿದ್ದರು. ಕೊಡಬೇಡಿ. ರಾಜಾ ರಾಮಮೋಹನ ರಾಯ್ ಹೆಸರಿನ ಕೇಂದ್ರ ಸರ್ಕಾರದ ಏಜೆನ್ಸಿ ಇದನ್ನು ಪುಕ್ಕಟೆ ಕೊಡುತ್ತದೆ, ಬರೆದವರೇ ಅರ್ಜಿ ಹಾಕಬಹುದು. ಹಕ್ಕು ನೋಂದಣಿ ಮಾಡಿಸದಿದ್ದರೆ ಕವಿತೆ ಕದೀತಾರೆ ಅಂತ ಹೆದರಿಸುವವರಿದ್ದಾರೆ. ಬರೆದ ಕೂಡಲೇ ಹಕ್ಕು ನಿಮ್ಮದೇ. ನಿಮ್ಮ ಕಾಲವಾದ ಮೇಲೂ 60 ವರ್ಷ ಇರುತ್ತದೆ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಅರ್ಜಿ ಹಾಕಿ, ಆದರೆ ಅದನ್ನು ನಂಬಿಕೊಂಡು ಸಾಲ ಮಾಡಬೇಡಿ.

ಬಿಡುಗಡೆಗೆ ಭವನ, ಊಟ ಅಂತ ಏನೂ ಮಾಡಲಿಲ್ಲ. ಬಟವಾಡೆ ದಿನ ಸೊಸೈಟಿ ಮುಂದೆ ಬೆಂಚು ಹಾಕಿ ನಾಲ್ಕು ಕವಿತೆ ಓದಿದೆ. ಬೆಲೆ 120, ಅಲ್ಲಿ ನೂರಕ್ಕೇ ಕೊಟ್ಟೆ. ಅವತ್ತು 26 ಹೋದವು. ಉಳಿದವುಗಳಲ್ಲಿ ಬಹಳಷ್ಟು ಗೋಷ್ಠಿಗಳಲ್ಲಿ, ಅಂಚೆಯಲ್ಲಿ ಒಂದೊಂದಾಗಿ ಹೋದವು. ಈಗ 31 ಇವೆ, ಫೀಡಿನ ಮೂಟೆ ಪಕ್ಕದಲ್ಲಿ, ಇಲಿಗೆ ಸಿಗದ ಹಾಗೆ ತಗಡಿನ ಡಬ್ಬದಲ್ಲಿ.

ಓದಲು ಬಾರದ ಒಬ್ಬ ಅಜ್ಜಿಯೂ ಒಂದು ತಗೊಂಡರು, ಮೊಮ್ಮಗಳ ಕೈಲಿ ಓದಿಸುತ್ತೇನೆ ಅಂತ. ಮಾರನೇ ದಿನ ಬೆಳಿಗ್ಗೆ ಹಾಲು ಹುಯ್ಯುತ್ತಾ ಕೇಳಿದರು: ‘ಆ ಕೂದಲು ನಂದೇ ಅಲ್ವೇನವ್ವಾ?’