ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿದ ಪಾಠ

ಬೆಂಗಳೂರಿನ ಒಂದು ವಿಶ್ವವಿದ್ಯಾಲಯದಲ್ಲಿ ಪದವಿ ತರಗತಿಗಳ ಅಧ್ಯಾಪಕರಿಗೆ ಬೋಧನೆಯಲ್ಲಿ ನೆರವಾಗುವುದು ಹತ್ತು ವರ್ಷಗಳಿಂದ ನನ್ನ ಕೆಲಸ. ಮೊದಲ ಎರಡು ವರ್ಷ ನಾನು ಏರ್ಪಡಿಸಿದ್ದು ಕಾರ್ಯಾಗಾರಗಳನ್ನು ಮಾತ್ರ. ಸಭಾಂಗಣ ತುಂಬುತ್ತಿತ್ತು, ನಾವು ಕೊಟ್ಟ ಪ್ರಮಾಣಪತ್ರಗಳು ಬಡ್ತಿಯ ಕಡತಕ್ಕೂ, ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟವನ್ನು ಅಳೆಯುವ ನ್ಯಾಕ್‌ಗೆ ಸಲ್ಲಿಸುವ ವರದಿಗೂ ಸೇರುತ್ತಿದ್ದವು. ಆದರೆ ಮರುವಾರ ಕಾರಿಡಾರಿನಲ್ಲಿ ನಡೆದು ಹೋಗುವಾಗ ತರಗತಿಗಳಿಂದ ಕೇಳಿಬರುತ್ತಿದ್ದುದು ನೋಟ್ಸ್ ಹೇಳಿ ಬರೆಸುವ ಅದೇ ಧ್ವನಿ. ಇದರಲ್ಲಿ ಅಧ್ಯಾಪಕರ ತಪ್ಪಿರಲಿಲ್ಲ. ನಾಳೆ ಬೆಳಿಗ್ಗೆ ಅವರು ಮಾಡಬೇಕಾದ ಪಾಠ ಯಾವುದು, ಅದರಲ್ಲಿ ಮಕ್ಕಳು ಎಡವುವುದು ಎಲ್ಲಿ ಎಂದು ಆ ಸಭಾಂಗಣದಲ್ಲಿ ನಾವು ಯಾರೂ ಕೇಳಿರಲಿಲ್ಲ.

ಮೂರನೆಯ ವರ್ಷದಿಂದ, ಕರೆದವರ ತರಗತಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರತೊಡಗಿದೆ. ಇದಕ್ಕೆ 2013ರಲ್ಲಿ ಪ್ರಕಟವಾದ ಕೋಪಸ್ ಎಂಬ ವೀಕ್ಷಣಾ ಕ್ರಮವನ್ನು ಸರಳಗೊಳಿಸಿ ಬಳಸುತ್ತೇನೆ. ಪ್ರತಿ ಎರಡು ನಿಮಿಷದ ಅವಧಿಯಲ್ಲಿ ಅಧ್ಯಾಪಕರು ಏನು ಮಾಡಿದರು, ವಿದ್ಯಾರ್ಥಿಗಳು ಏನು ಮಾಡಿದರು ಎಂಬುದನ್ನಷ್ಟೇ ಒಂದು ಹಾಳೆಯಲ್ಲಿ ಗುರುತು ಹಾಕಿಕೊಳ್ಳಬೇಕು. ಪಾಠಕ್ಕೆ ಅಂಕ ಕೊಡುವುದು ಅದರ ಉದ್ದೇಶವಲ್ಲ.

ಆರಂಭದಲ್ಲಿಯೇ ನಾನು ಒಂದು ದೊಡ್ಡ ತಪ್ಪು ಮಾಡಿದೆ. ಒಬ್ಬ ಅತಿಥಿ ಉಪನ್ಯಾಸಕರ ತರಗತಿಯ ಹಾಳೆಯನ್ನು ವಿಭಾಗದ ಮುಖ್ಯಸ್ಥರು ಕೇಳಿದಾಗ ಹಿಂದೆಮುಂದೆ ಯೋಚಿಸದೆ ಪ್ರತಿಯನ್ನು ಕೊಟ್ಟುಬಿಟ್ಟೆ. ವರ್ಷ ವರ್ಷವೂ ಹೊಸದಾಗಿ ನೇಮಕವಾಗಬೇಕಾದವರಿಗೆ ಅಂಥ ಹಾಳೆ ಎಷ್ಟು ಭಯದ ವಸ್ತು ಎಂಬುದು ನನಗೆ ಹೊಳೆಯಬೇಕಿತ್ತು. "ನೀವು ನಮಗೆ ನೆರವಾಗೋಕೆ ಬಂದಿರಿ ಅಂದುಕೊಂಡಿದ್ದೆ ಮೇಡಂ" ಎಂದಷ್ಟೇ ಅವರು ಹೇಳಿದರು. ಮತ್ತೆ ನನ್ನನ್ನು ಕರೆಯಲಿಲ್ಲ. ಆ ನೋವು ನನ್ನಲ್ಲಿ ಇನ್ನೂ ಇದೆ. ಅಂದಿನಿಂದ ಹಾಳೆ ಒಂದೇ ಪ್ರತಿ. ಕೊಠಡಿಯಿಂದ ಹೊರಬರುವ ಮೊದಲೇ ಅದು ಅಧ್ಯಾಪಕರ ಕೈ ಸೇರುತ್ತದೆ. ಈ ನಿಯಮ ಎಲ್ಲರಿಗೂ ತಿಳಿದ ಮೇಲೆಯೇ ಹೆಚ್ಚಿನವರು ನನ್ನನ್ನು ಕರೆಯತೊಡಗಿದ್ದು.

ಹಾಗೆ ಕರೆದವರಲ್ಲಿ ರಸಾಯನಶಾಸ್ತ್ರದ ಒಬ್ಬ ಪ್ರಾಧ್ಯಾಪಕಿಯೂ ಇದ್ದರು. ಬಿ.ಎಸ್ಸಿ. ಎರಡನೆಯ ಸೆಮಿಸ್ಟರ್, 62 ವಿದ್ಯಾರ್ಥಿಗಳು. ರಾಸಾಯನಿಕ ಸಮತೋಲನವನ್ನು, ಅಂದರೆ ಮುಮ್ಮುಖ ಮತ್ತು ಹಿಮ್ಮುಖ ಕ್ರಿಯೆಗಳ ವೇಗ ಸಮವಾಗುವ ಸ್ಥಿತಿಯನ್ನು, ಅವರು ಸೊಗಸಾಗಿ ವಿವರಿಸಿದರು. ಆ 55 ನಿಮಿಷಗಳಲ್ಲಿ "ಅರ್ಥ ಆಯ್ತಾ?" ಎಂದು 14 ಸಲ ಕೇಳಿದರು, ಪ್ರತಿ ಸಲವೂ ಮುಂದಿನ ಎರಡು ಬೆಂಚುಗಳಿಂದ "ಆಯ್ತು ಮ್ಯಾಮ್" ಬಂತು. ಯಾವ ಸಲವೂ ಅವರು ಎರಡು ಸೆಕೆಂಡಿಗಿಂತ ಹೆಚ್ಚು ಕಾಯಲಿಲ್ಲ. ಪ್ರಶ್ನೆ ಕೇಳಿದ ಶಿಕ್ಷಕರು ಸರಾಸರಿ ಒಂದು ಸೆಕೆಂಡ್ ಮಾತ್ರ ಕಾಯುತ್ತಾರೆಂದೂ, ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ದೀರ್ಘವಾಗುತ್ತವೆಂದೂ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿಯೇ ಅಮೆರಿಕದ ಶಾಲೆಗಳಲ್ಲಿ ಕಂಡುಕೊಂಡಿದ್ದರು. ನಾನು ಅದೇನನ್ನೂ ಹೇಳದೆ ಹಾಳೆಯ ಆ ಒಂದು ಸಾಲನ್ನು ಮಾತ್ರ ತೋರಿಸಿದೆ. ಅವರು ಬಹಳ ಹೊತ್ತು ಅದನ್ನೇ ನೋಡಿ, "ಇದರ ಬದಲಿಗೆ ಏನು ಕೇಳಲಿ?" ಎಂದರು.

ಇಬ್ಬರೂ ಸ್ಟಾಫ್ ರೂಮಿನಲ್ಲಿ ಕುಳಿತು ಒಂದೇ ಒಂದು ಪ್ರಶ್ನೆಯನ್ನು ತಯಾರಿಸಿದೆವು: ಕ್ರಿಯೆಯ ವೇಗವನ್ನು ಹೆಚ್ಚಿಸುವ ಕ್ಯಾಟಲಿಸ್ಟ್ ಸೇರಿಸಿದರೆ ಸಮತೋಲನದಲ್ಲಿ ಸಿಗುವ ಉತ್ಪನ್ನ ಹೆಚ್ಚುತ್ತದೆಯೇ, ಕಡಿಮೆಯಾಗುತ್ತದೆಯೇ, ಅಷ್ಟೇ ಇರುತ್ತದೆಯೇ? ಮೊದಲು ಒಬ್ಬೊಬ್ಬರೇ ಉತ್ತರವನ್ನು ಬರೆದುಕೊಳ್ಳುವುದು, ಅನಂತರ ಪಕ್ಕದವರೊಡನೆ ಯಾವ ಭಾಷೆಯಲ್ಲಾದರೂ ಚರ್ಚಿಸುವುದು, ಕೊನೆಗೆ ಮತ್ತೆ ಕೈ ಎತ್ತುವುದು. ಭೌತಶಾಸ್ತ್ರಜ್ಞ ಎರಿಕ್ ಮಜೂರ್ ಹಾರ್ವರ್ಡ್‌ನಲ್ಲಿ 1991ರಿಂದ ರೂಢಿಸಿದ ಕ್ರಮ ಇದು.

ಸರಿಯುತ್ತರ "ಅಷ್ಟೇ ಇರುತ್ತದೆ". ಆದರೆ ಮೊದಲ ಸಲ 41 ಕೈಗಳು "ಹೆಚ್ಚುತ್ತದೆ" ಎಂಬುದಕ್ಕೇ ಎದ್ದವು. ಹಿಂದಿನ ದಿನ "ಆಯ್ತು ಮ್ಯಾಮ್" ಎಂದಿದ್ದ ಬೆಂಚುಗಳೂ ಅದರಲ್ಲಿ ಸೇರಿದ್ದವು. ಚರ್ಚೆಗೆ ಬಿಟ್ಟಾಗ ಕೊಠಡಿಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಎದ್ದವು. ನನ್ನ ಮುಂದಿನ ಸಾಲಿನಲ್ಲಿ, ಮಾಗಡಿಯಿಂದ ದಿನವೂ ಬಸ್ಸಿನಲ್ಲಿ ಬರುವ ಹುಡುಗಿಯೊಬ್ಬಳು ಗೆಳತಿಗೆ, "ಬಸ್ಸು ಜೋರಾಗಿ ಹೋದ್ರೆ ಮೆಜೆಸ್ಟಿಕ್ ಬೇಗ ಬರುತ್ತೆ ಕಣೇ, ಮೆಜೆಸ್ಟಿಕ್ ದಾಟಿ ಹೋಗಲ್ಲ" ಎಂದಳು. ಇಂಗ್ಲಿಷಿನ ತರಗತಿಯಲ್ಲಿ ಆಕೆ ಅದುವರೆಗೆ ಬಾಯಿ ತೆರೆದದ್ದನ್ನು ಪ್ರಾಧ್ಯಾಪಕಿ ಕಂಡಿರಲಿಲ್ಲ. ಅವರು ಆ ಮಾತನ್ನೇ ಇಡೀ ತರಗತಿಗೆ ಕೇಳಿಸಿ, ಅದನ್ನು ಪರೀಕ್ಷೆಯ ಇಂಗ್ಲಿಷಿನಲ್ಲಿ ಎರಡು ಸಾಲು ಬರೆಯಲು ಎಲ್ಲರಿಗೂ ಹೇಳಿದರು. ಇದೆಲ್ಲಕ್ಕೂ ಹಿಡಿದದ್ದು ಒಂಬತ್ತು ನಿಮಿಷ.

"ಸಿಲಬಸ್ ಮುಗಿಯುವುದಿಲ್ಲ" ಎಂಬ ಆಕ್ಷೇಪವನ್ನು ನಾನು ಎಂದೂ ತಳ್ಳಿಹಾಕುವುದಿಲ್ಲ. 2021ರಲ್ಲಿ ಪದವಿಯ ಚೌಕಟ್ಟು ಬದಲಾಯಿತು, 2024ರಲ್ಲಿ ಮತ್ತೆ ಬದಲಾಯಿತು. ಆ ಭಾರವನ್ನು ಹೊತ್ತವರು ಅಧ್ಯಾಪಕರೇ. ಆದ್ದರಿಂದ ತರಗತಿಗೆ ಒಂದು ಪ್ರಶ್ನೆಗಿಂತ ಹೆಚ್ಚನ್ನು ನಾನು ಕೇಳುವುದಿಲ್ಲ. ಇನ್ನೊಂದು ಎಚ್ಚರಿಕೆಯನ್ನು ಮೊದಲೇ ಕೊಡುತ್ತೇನೆ: ಹೀಗೆ ಕಲಿಯುವ ವಿದ್ಯಾರ್ಥಿಗಳು ಹೆಚ್ಚು ಕಲಿತರೂ ತಾವು ಕಡಿಮೆ ಕಲಿತೆವೆಂದು ಭಾವಿಸುವುದುಂಟು ಎಂದು ಹಾರ್ವರ್ಡ್‌ನ ಭೌತಶಾಸ್ತ್ರ ತರಗತಿಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಹಾಗಾಗಿ ಸೆಮಿಸ್ಟರ್ ಕೊನೆಯ ಫೀಡ್‌ಬ್ಯಾಕ್ ಫಾರಂಗೆ ಕಾಯದೆ, ಏಳನೆಯ ವಾರದಲ್ಲಿಯೇ ಹೆಸರು ಬರೆಯದ ಚೀಟಿಗಳಲ್ಲಿ ವಿದ್ಯಾರ್ಥಿಗಳ ಅಭಿಪ್ರಾಯವನ್ನು ಕೇಳಿ, ಅಧ್ಯಾಪಕರೊಂದಿಗೆ ಕುಳಿತು ಓದುತ್ತೇನೆ.

ಆ ಪ್ರಾಧ್ಯಾಪಕಿಗೆ ಈ ಸೆಮಿಸ್ಟರಿನಲ್ಲಿ ಕೊನೆಯ ಘಟಕಕ್ಕೆ ನಾಲ್ಕು ತರಗತಿಗಳು ಕಡಿಮೆ ಬಿದ್ದಿವೆ. ಅದರಲ್ಲಿ ಯಾವ ಭಾಗವನ್ನು ವಿದ್ಯಾರ್ಥಿಗಳೇ ಓದಿಕೊಂಡು ಬರಬಹುದು, ಯಾವುದನ್ನು ಬೋರ್ಡಿನ ಮೇಲೆ ಮಾಡಿಯೇ ತೋರಿಸಬೇಕು ಎಂದು ಬರುವ ಶನಿವಾರ ಇಬ್ಬರೂ ಕುಳಿತು ಪಟ್ಟಿ ಮಾಡಲಿದ್ದೇವೆ.