ಲಾಕ್ ಆಗಿರೋ ಐ5ನ ಓವರ್‌ಕ್ಲಾಕ್ ಮಾಡೋದಾ ಬೇಡ್ವಾ: ನನ್ನ ಅನುಭವ

ನನ್ನ ಹತ್ರ ಇರೋದು ಇಂಟೆಲ್ ಕೋರ್ ಐ5-12400 ಪ್ರೊಸೆಸರ್. ಹೆಸರಿನ ಕೊನೇಲಿ ಕೆ ಇಲ್ಲ, ಅಂದ್ರೆ ಮಲ್ಟಿಪ್ಲೈಯರ್ ಲಾಕ್, ಕಂಪನಿ ಇಟ್ಟ ಸ್ಪೀಡಿಗಿಂತ ಮೇಲೆ ಓಡ್ಸಕ್ಕೆ (ಅದೇ ಓವರ್‌ಕ್ಲಾಕ್) ಸುಲಭದ ದಾರಿ ಇಲ್ಲ. ದಾವಣಗೆರೇಲಿ ಮದುವೆ, ಗೃಹಪ್ರವೇಶ, ಸ್ಕೂಲ್ ಡೇ ಇಂಥ ವಿಡಿಯೋ ಎಡಿಟ್ ಮಾಡೋದು ನನ್ನ ಕೆಲಸ, ಪಾರ್ಟ್ಸ್ ಎಲ್ಲಾ ಬೆಂಗಳೂರು ಎಸ್‌ಪಿ ರೋಡಿಂದ ತಂದು ನಾನೇ ಜೋಡಿಸಿದ್ದು, ಮದರ್‌ಬೋರ್ಡು ಒಂದು ಸಾಧಾರಣ ಬಿ660. ಇದೇ ಚಿಪ್ಪಿನ ಎಫ್ ಮಾಡೆಲ್ ಸ್ವಲ್ಪ ಕಮ್ಮಿಗೆ ಸಿಗ್ತಿತ್ತು ಆದ್ರೂ ಬೇಡ ಅಂದೆ, ಯಾಕಂದ್ರೆ ಈಗಿನ ಮಿರರ್‌ಲೆಸ್ ಕ್ಯಾಮೆರಾದಲ್ಲಿ ಬರೋ 10 ಬಿಟ್ 4:2:2 ಎಚ್‌265 ಫೈಲುಗಳನ್ನ (ಬಣ್ಣದ ವಿವರ ಜಾಸ್ತಿ ಇದ್ದು ಬಿಗಿಯಾಗಿ ಕುಗ್ಗಿಸಿರೋ ಫೈಲು) ಇಂಟೆಲ್ ಒಳಗಿರೋ ಚಿಕ್ಕ ಗ್ರಾಫಿಕ್ಸ್ ಸಲೀಸಾಗಿ ಓಡ್ಸತ್ತೆ, ಎಫ್‌ನಲ್ಲಿ ಅದೇ ಇರಲ್ಲ. ಟೈಮ್‌ಲೈನ್ ತಡವರಿಸ್ತಿದ್ರೆ ಪ್ರೊಸೆಸರ್ ಸ್ಪೀಡು ಎಷ್ಟು ಏರ್ಸಿದ್ರೂ ಈ ಒಂದು ವ್ಯತ್ಯಾಸದ ಹತ್ರಕ್ಕೂ ಬರಲ್ಲ.

ಹಂಗಿದ್ಮೇಲೆ ಓವರ್‌ಕ್ಲಾಕ್ ವಿಚಾರ ಯಾಕೆ ಬಂತು ಅಂದ್ರೆ, ಮುಗಿದ ಪ್ರಾಜೆಕ್ಟುಗಳನ್ನೆಲ್ಲ ನಾನು ಹ್ಯಾಂಡ್‌ಬ್ರೇಕ್ ಅನ್ನೋ ಸಾಫ್ಟ್‌ವೇರಲ್ಲಿ ಎಕ್ಸ್265 ಎನ್‌ಕೋಡರ್ ಹಾಕಿ ಕುಗ್ಗಿಸಿ ಹಾರ್ಡ್‌ಡಿಸ್ಕಿಗೆ ಹಾಕಿ ಇಡ್ತೀನಿ, ಅದು ಪೂರ್ತಿ ಪ್ರೊಸೆಸರ್ ಮೇಲೇ ಬೀಳೋ ಕೆಲಸ, ಸೀಸನ್ನಲ್ಲಿ ರಾತ್ರಿ ಇಡೀ ಓಡ್ತಾ ಇರತ್ತೆ. ಅಷ್ಟೊತ್ತಿಗೆ ಚಿಕ್ಕಪ್ಪನ ಮಗ ಒಬ್ಬ ಫೋನ್ ಮಾಡಿ, "ಅಣ್ಣಾ, ನಿಂದೂ 12400 ಅಲ್ವಾ, ಅದೇ ಚಿಪ್ಪನ್ನ 5 ಗಿಗಾಹರ್ಟ್ಸ್ ಮೇಲೆ ಓಡ್ಸಿದಾರೆ ನೋಡು, ನೀನ್ಯಾಕೆ ಸುಮ್ನೆ 4ರಲ್ಲಿ ಕೂತಿದೀಯ" ಅಂದ. ಅವನು ಹೇಳಿದ್ದು ಸುಳ್ಳಲ್ಲ. ಆದ್ರೆ ಅದು ಯಾವ ಬೋರ್ಡಿನ ಮೇಲೆ ಅನ್ನೋದು ಅವನು ಹೇಳ್ಲಿಲ್ಲ.

ಲಾಕ್ ಅಂದ್ರೇನು ಅಂತ ಮೊದ್ಲು ನೋಡೋಣ. ಪ್ರೊಸೆಸರ್ ಸ್ಪೀಡು ಎರಡು ಅಂಕಿಗಳ ಗುಣಾಕಾರ, ಒಂದು 100 ಮೆಗಾಹರ್ಟ್ಸ್‌ನ ಬಿಕ್ಲಾಕು (ಮೂಲ ಕ್ಲಾಕು), ಇನ್ನೊಂದು ಮಲ್ಟಿಪ್ಲೈಯರ್. 12400ರಲ್ಲಿ ಆರೂ ಕೋರ್ ಕೆಲಸ ಮಾಡ್ವಾಗ ಮಲ್ಟಿಪ್ಲೈಯರ್ 40, ಅಂದ್ರೆ 4 ಗಿಗಾಹರ್ಟ್ಸ್, ಒಂದೇ ಕೋರ್ ಓಡ್ವಾಗ 44. ಕೆ ಇಲ್ಲದ ಚಿಪ್ಪಲ್ಲಿ ಈ 40, 44 ಮೇಲಕ್ಕೆ ಹೋಗಲ್ಲ. ಉಳಿಯೋದು ಆ 100 ಮಾತ್ರ, ಅದನ್ನ ಏರ್ಸಕ್ಕಾದ್ರೆ ಏರ್ಸಬೇಕು.

ಹಳೇ ಕಾಲದಲ್ಲಿ ಇದು ಹಿಂಗಿರ್ಲಿಲ್ಲ, ಕೋರ್ 2 ಡ್ಯುಯೋ ಕಾಲದಲ್ಲಿ ಎಫ್‌ಎಸ್‌ಬಿ (ಆಗಿನ ಮೂಲ ಕ್ಲಾಕು) ಏರ್ಸಿ ಅಗ್ಗದ ಚಿಪ್ಪನ್ನೂ ಸಿಕ್ಕಾಪಟ್ಟೆ ಓಡಿಸ್ತಿದ್ರು. 2011ರಲ್ಲಿ ಸ್ಯಾಂಡಿ ಬ್ರಿಡ್ಜ್ ಅನ್ನೋ ಪ್ರೊಸೆಸರ್ ತಲೆಮಾರು ಬಂದ್ಮೇಲೆ ಬಿಕ್ಲಾಕಿಗೆ ಸಾಟಾ, ಯುಎಸ್‌ಬಿ, ಪಿಸಿಐಇ ಎಲ್ಲಾನೂ ಒಂದೇ ಹಗ್ಗಕ್ಕೆ ಕಟ್ಟಿದ ಹಂಗಾಯ್ತು, ಸ್ವಲ್ಪ ಏರ್ಸಿದ್ರೂ ಎಲ್ಲಾ ಅಲ್ಲಾಡೋದು. ಆಗಿನ ಐ5-2400, ಆಮೇಲಿನ ಐ5-3470 ಇಂಥದ್ರಲ್ಲಿ ಪಿ67, ಝಡ್77 ಬೋರ್ಡಿದ್ರೆ ಟರ್ಬೋ (ಚಿಪ್ಪು ತಾನಾಗೇ ಏರೋ ಸ್ಪೀಡು) ಮೇಲೆ ನಾಲ್ಕು ಮೆಟ್ಲು ಏರ್ಸಕ್ಕೆ ಬಿಡ್ತಿದ್ರು, ಹ್ಯಾಸ್‌ವೆಲ್ ಬಂದಾಗ ಅದನ್ನೂ ತೆಗೆದ್ರು. ಸ್ಕೈಲೇಕ್‌ನಲ್ಲಿ ಮಾತ್ರ ಒಂದು ಕಿಂಡಿ ಸಿಕ್ತು, 2015ರ ಕೊನೇಲಿ ಕೆಲವು ಬೋರ್ಡ್ ಕಂಪನಿಗಳು ಐ3-6100, ಐ5-6400 ತರದ ಚಿಪ್ಪನ್ನ ಬಿಕ್ಲಾಕ್ ಮೇಲೇ ಓವರ್‌ಕ್ಲಾಕ್ ಮಾಡೋ ಬಯಾಸ್ (ಬೋರ್ಡಿನ ಒಳಗಿನ ಸಾಫ್ಟ್‌ವೇರು) ಬಿಟ್ವು. 2016ರ ಫೆಬ್ರವರಿ ಹೊತ್ತಿಗೆ ಇಂಟೆಲ್ ಮೈಕ್ರೋಕೋಡ್ (ಚಿಪ್ಪಿನ ಒಳಗಿನ ಕೋಡು) ಅಪ್‌ಡೇಟ್ ಕೊಟ್ಟು ಆ ಕಿಂಡೀನ ಮುಚ್ಚಿಸ್ತು. ಕಿಂಡಿ ತೆರೆದಿದ್ದಾಗ್ಲೂ ಪುಕ್ಸಟ್ಟೆ ಏನಿರ್ಲಿಲ್ಲ: ಒಳಗಿನ ಗ್ರಾಫಿಕ್ಸ್ ಕೆಲಸ ಮಾಡ್ತಿರ್ಲಿಲ್ಲ, ಕೋರ್ ಟೆಂಪರೇಚರ್ ಸರಿಯಾಗಿ ತೋರಿಸ್ತಿರ್ಲಿಲ್ಲ, ಎವಿಎಕ್ಸ್ (ಒಂದೇ ಸಲಕ್ಕೆ ಹಲವು ಲೆಕ್ಕ ಮಾಡೋ ಸೂಚನೆಗಳು) ಬಳಸೋ ಕೆಲಸಗಳು ವಿಪರೀತ ನಿಧಾನ ಆಗ್ತಿದ್ವು. ವಿಡಿಯೋ ಎನ್‌ಕೋಡಿಂಗ್ ಎವಿಎಕ್ಸ್ ಮೇಲೇ ನಿಂತಿರೋದು, ಹಂಗಾಗಿ ನನ್ನಂಥವ್ರಿಗೆ ಅದರಲ್ಲಿ ಲಾಭಕ್ಕಿಂತ ನಷ್ಟಾನೇ ಜಾಸ್ತಿ ಇತ್ತು.

12ನೇ ಜನರೇಷನ್ನಲ್ಲಿ ಅದೇ ಕತೆ ಇನ್ನೊಂದ್ಸಲ ನಡೀತು. 2022ರ ಜನವರೀಲಿ ಡೆರ್‌ಬಾವರ್ ಅನ್ನೋ ಜರ್ಮನ್ ಓವರ್‌ಕ್ಲಾಕರ್, ಬಿಕ್ಲಾಕ್ ಹುಟ್ಟಿಸಕ್ಕೆ ಹೊರಗಡೆ ಬೇರೆ ಕ್ಲಾಕ್ ಜನರೇಟರ್ ಚಿಪ್ ಇರೋ ದುಬಾರಿ ಝಡ್690 ಬೋರ್ಡಲ್ಲಿ ಕೆ ಇಲ್ಲದ ಚಿಪ್ಪುಗಳ ಬಿಕ್ಲಾಕ್ ಏರ್ಸಿ 5 ಗಿಗಾಹರ್ಟ್ಸ್ ದಾಟ್ಸಿ ತೋರ್ಸಿದ್ರು. ಆಮೇಲೆ ಅಂಥ ಕ್ಲಾಕ್ ಜನರೇಟರ್ ಇರೋ ಕೆಲವೇ ಕೆಲವು ಬಿ660 ಬೋರ್ಡುಗಳೂ ಬಂದ್ವು. ಇಂಟೆಲ್ ಮಾತ್ರ ಈ ಚಿಪ್ಪುಗಳು ಓವರ್‌ಕ್ಲಾಕಿಗೆ ಅಂತ ಮಾಡಿದ್ದಲ್ಲ ಅಂತ ಎಚ್ಚರಿಕೆ ಕೊಡ್ತು, ಹೊಸ ಮೈಕ್ರೋಕೋಡ್ ಇರೋ ಬಯಾಸ್ ಹಾಕಿದ್ರೆ ಆ ಸೌಲಭ್ಯ ಹೋಗತ್ತೆ. ಅಂದ್ರೆ ಆ ದಾರೀಲಿ ಹೋಗೋರು ಹಳೇ ಬಯಾಸಲ್ಲೇ ಕೂತಿರ್ಬೇಕು, ಮುಂದೆ ಹೊಸ ಪ್ರೊಸೆಸರ್ ಹಾಕ್ಬೇಕು ಅಂದಾಗ ಅದನ್ನ ಬಿಡ್ಲೇಬೇಕು.

ಇಲ್ಲೇ ನನ್ನ ಅರ್ಧ ಲೆಕ್ಕ ಮುಗೀತು. ಆ ವಿಶೇಷ ಬೋರ್ಡಿಗೂ ಸಾದಾ ಬೋರ್ಡಿಗೂ ಇರೋ ರೇಟಿನ ಅಂತರ, ಅದರ ಜೊತೆ ಒಳ್ಳೇ ಕೂಲರ್ ಬೇರೆ, ಎರಡೂ ಕೂಡಿಸಿದ್ರೆ ಅದೇ ದುಡ್ಡಲ್ಲಿ 12600ಕೆ ಕಡೆಗೇ ಹೋಗ್ಬಹುದಿತ್ತು, ಅದ್ರಲ್ಲಿ ನಾಲ್ಕು ಇ-ಕೋರ್ (ಕಮ್ಮಿ ಪವರ್ ತಿನ್ನೋ ಚಿಕ್ಕ ಕೋರ್) ಜಾಸ್ತಿ, ಲಾಕೂ ಇಲ್ಲ. ಅಗ್ಗದ ಚಿಪ್ಪನ್ನ ಓಡ್ಸಕ್ಕೆ ದುಬಾರಿ ಬೋರ್ಡ್ ತಗೊಳೋದು ಹವ್ಯಾಸಕ್ಕಾದ್ರೆ ಸರಿ, ದುಡಿಮೆಗೆ ಅಂದ್ರೆ ನನ್ನ ತಲೆಗೆ ಹೋಗಲ್ಲ.

ಆದ್ರೂ ಕೈ ಸುಮ್ನಿರ್ಬೇಕಲ್ಲ. ನನ್ನ ಸಾದಾ ಬೋರ್ಡಲ್ಲೂ ಬಯಾಸ್ ಒಳಗೆ ಬಿಕ್ಲಾಕ್ ಬದಲಾಯ್ಸೋ ಜಾಗ ಇತ್ತು, ಎಲ್ಲಾ ಬೋರ್ಡಲ್ಲೂ ಇರಲ್ಲ. 102.5 ಹಾಕ್ದೆ, ಆರಾಮಾಗಿ ಬೂಟ್ ಆಯ್ತು, 4 ಇದ್ದಿದ್ದು 4.1 ಅಂತ ತೋರಿಸ್ತು. ರ‍್ಯಾಮೂ ಅದರ ಜೊತೇಲೇ ಏರತ್ತೆ, 3200 ಇದ್ದಿದ್ದು 3280 ಆಯ್ತು. 103 ದಾಟಿದ ಮೇಲೆ ಮಾತ್ರ ಸ್ಕ್ರೀನೇ ಬರ್ಲಿಲ್ಲ, ಸಿಮಾಸ್ ಜಂಪರ್ (ಬಯಾಸ್ ಸೆಟ್ಟಿಂಗ್ ಅಳಿಸೋ ಪಿನ್ನು) ಶಾರ್ಟ್ ಮಾಡಿ ಮತ್ತೆ ಮೊದಲಿನ ಸ್ಥಿತಿಗೆ ತಂದೆ. ಸರಿ 102.5ರಲ್ಲೇ ಹ್ಯಾಂಡ್‌ಬ್ರೇಕ್ ಓಡ್ಸಿದೆ.

ಮೊದಲ ಅರ್ಧ ನಿಮಿಷ ಫಾಸ್ಟ್ ಕಾಣ್ತು, ಆಮೇಲೆ ಮೊದಲಿನ ಸ್ಪೀಡೇ. ಒಂಚೂರೂ ವ್ಯತ್ಯಾಸ ಇಲ್ಲ.

ಯಾಕೆ ಅಂತ ಚಿಪ್ಪಿನ ಸ್ಪೀಡು, ವ್ಯಾಟು ತೋರ್ಸೋ ಎಚ್‌ಡಬ್ಲ್ಯೂಇನ್‌ಫೋ ಅನ್ನೋ ಸಾಫ್ಟ್‌ವೇರ್ ತೆಗೆದು ನೋಡ್ದೆ, ನಿಜವಾದ ವಿಷಯ ಸಿಕ್ಕಿದ್ದು ಅಲ್ಲಿ. ಈ ಚಿಪ್ಪಿಗೆ ಎರಡು ಪವರ್ ಲಿಮಿಟ್ ಇದೆ, ಪಿಎಲ್1 ಅಂತ 65 ವ್ಯಾಟು, ಪಿಎಲ್2 ಅಂತ 117 ವ್ಯಾಟು. ಶುರುವಿನಲ್ಲಿ 117ರವರೆಗೂ ತಿನ್ನಕ್ಕೆ ಬಿಡತ್ತೆ, 28 ಸೆಕೆಂಡಿನ ಒಂದು ಟೈಮರ್ ಇದೆ, ಅದು ಕಳೆದ ಮೇಲೆ 65ಕ್ಕೆ ಇಳಿಸಿ ಅಲ್ಲೇ ಕೂರ್ಸತ್ತೆ. ನನ್ನ ಚಿಪ್ಪು 4 ಗಿಗಾಹರ್ಟ್ಸ್‌ನಲ್ಲಿ ಎಕ್ಸ್265 ಓಡ್ಸಕ್ಕೆ 75ರಿಂದ 80 ವ್ಯಾಟ್ ಕೇಳ್ತಿತ್ತು, ಸಿಗ್ತಿದ್ದಿದ್ದು 65, ಹಂಗಾಗಿ ತಾನೇ 3.7ಕ್ಕೆ ಇಳ್ಕೊಂಡು ಓಡ್ತಿತ್ತು. ಬಿಕ್ಲಾಕ್ 102.5 ಮಾಡಿದ್ರೆ ಮಲ್ಟಿಪ್ಲೈಯರನ್ನ ಇನ್ನೂ ಕೆಳಗೆ ಇಳಿಸ್ಕೊಂಡು ಮತ್ತೆ ಅದೇ 3.7ರ ಹತ್ರ ಬಂದು ನಿಲ್ತಿತ್ತು ಅಷ್ಟೇ, ಯಾಕಂದ್ರೆ ತಡೀತಿದ್ದಿದ್ದು ಲಾಕ್ ಅಲ್ಲ, ಪವರ್ ಲಿಮಿಟು.

ಇದು ಗೊತ್ತಾದ ಮೇಲೆ ಬಿಕ್ಲಾಕನ್ನ 100ಕ್ಕೆ ವಾಪಸ್ ತಂದು, ಪಿಎಲ್1ನ 65ರಿಂದ 90ಕ್ಕೆ ಏರ್ಸಿದೆ. ಬಿ660ರಲ್ಲಿ ಇದಕ್ಕೆ ಯಾವ ಅಡ್ಡಿನೂ ಇಲ್ಲ, ಮಲ್ಟಿಪ್ಲೈಯರ್ ಲಾಕಿಗೂ ಇದಕ್ಕೂ ಸಂಬಂಧಾನೇ ಇಲ್ಲ. ರಾತ್ರಿಯೆಲ್ಲಾ 4.0ರಲ್ಲೇ ಓಡತ್ತೆ. 3.7ರಿಂದ 4 ಅಂದ್ರೆ ಶೇ 8, ಬಿಕ್ಲಾಕಲ್ಲಿ ಎಲ್ಲಾ ಸರಿ ಇದ್ರೂ ಸಿಗೋದು ಶೇ 2.5, ಅಂದ್ರೆ ಒಂದು ಗಂಟೆ ಕೆಲಸದಲ್ಲಿ ಒಂದೂವರೆ ನಿಮಿಷ ಉಳಿಯತ್ತೆ, ಅಷ್ಟಕ್ಕೆ ಯಾರಿಗೆ ಬೇಕು ಆ ತಲೆನೋವು. ಕೆಲವು ಬೋರ್ಡುಗಳು ಅಂಗಡಿಯಿಂದ ಬರೋವಾಗ್ಲೇ ಈ ಲಿಮಿಟ್ ತೆಗೆದು ಬರತ್ವೆ, ಅಂಥ ಬೋರ್ಡಾದ್ರೆ ನಿಮಗೆ ಇಲ್ಲಿ ಸಿಗೋದು ಏನೂ ಇಲ್ಲ, ಮೊದ್ಲು ನೋಡ್ಕೊಳಿ.

ಈಗ ಬಿಸಿಲಿನ ವಿಷಯ. ಏಪ್ರಿಲ್‌ನಲ್ಲಿ ನಮ್ಮ ಕಡೆ ಮಧ್ಯಾಹ್ನ ಎಡಿಟಿಂಗ್ ರೂಮಿನ ಒಳಗೇ 34, 35 ಡಿಗ್ರಿ ಇರತ್ತೆ, ಎಸಿ ಇಲ್ಲ. ವಿದೇಶದಲ್ಲಿ 21 ಡಿಗ್ರಿ ರೂಮಲ್ಲಿ ಟೆಸ್ಟ್ ಮಾಡಿ ಇಷ್ಟು ಟೆಂಪರೇಚರ್ ಅಂತ ತೋರ್ಸಿದ್ರೆ ಅದಕ್ಕೆ ಹದಿಮೂರ್ ಹದಿನಾಲ್ಕು ಡಿಗ್ರಿ ಸೇರಿಸ್ಕೊಂಡೇ ನೋಡ್ಬೇಕು, ರೂಮು ಎಷ್ಟು ಏರತ್ತೋ ಚಿಪ್ಪೂ ಹೆಚ್ಚುಕಮ್ಮಿ ಅಷ್ಟೇ ಏರತ್ತೆ. ಡಬ್ಬದ ಜೊತೆ ಬಂದಿದ್ದ ಲ್ಯಾಮಿನಾರ್ ಕೂಲರ್ 65 ವ್ಯಾಟಿಗೆ ಸಾಕಾಗ್ತಿತ್ತು, 80 ವ್ಯಾಟಲ್ಲಿ 90 ಡಿಗ್ರಿ ಹತ್ರ ಹೋಗಿ ಫ್ಯಾನು ಮಿಕ್ಸಿ ತರ ಕೂಗ್ತಿತ್ತು. ಒಂದು 120 ಎಂಎಂ ಫ್ಯಾನಿನ ಸಾದಾ ಟವರ್ ಕೂಲರ್ ಹಾಕಿದೆ, ಎಪ್ಪತ್ತರ ಆಸುಪಾಸಿಗೆ ಬಂತು, ಸದ್ದೂ ನಿಂತು. ಇಡೀ ಪ್ರಯೋಗದಲ್ಲಿ ನಾನು ಕೈಯಿಂದ ಖರ್ಚು ಮಾಡಿದ್ದು ಇದೊಂದಕ್ಕೇ.

5 ಗಿಗಾಹರ್ಟ್ಸ್ ದಾರಿ ಹಿಡಿದಿದ್ರೆ ಏನಾಗ್ತಿತ್ತು ಅಂತ ಒಂದು ಅಂದಾಜು ಹಾಕಿ ನೋಡಿ. ಚಿಪ್ಪು ತಿನ್ನೋ ಪವರ್ರು ಸ್ಪೀಡಿನ ಜೊತೆ ನೇರವಾಗಿ ಏರತ್ತೆ, ವೋಲ್ಟೇಜ್ ಜೊತೆ ವರ್ಗದ ಲೆಕ್ಕದಲ್ಲಿ ಏರತ್ತೆ. 4ರಿಂದ 5ಕ್ಕೆ ಹೋಗಕ್ಕೆ ವೋಲ್ಟೇಜು 1.1ರಿಂದ 1.3 ಆಗ್ಬೇಕು ಅಂತಿಟ್ಕೊಳಿ, ಸ್ಪೀಡು 1.25 ಪಟ್ಟು, ವೋಲ್ಟೇಜಿನ ವರ್ಗ ಸುಮಾರು 1.4 ಪಟ್ಟು, ಎರಡೂ ಗುಣಿಸಿದ್ರೆ 1.75. 75 ವ್ಯಾಟ್ ಇದ್ದಿದ್ದು 130 ದಾಟತ್ತೆ. ಆ ಕಾವನ್ನ ನಮ್ಮ ಬೇಸಿಗೇಲಿ ಹೊರಗೆ ಹಾಕಕ್ಕೆ ಇನ್ನೊಂದು ದರ್ಜೆ ಕೂಲರ್ ಬೇಕು, ಬೋರ್ಡಿನ ವಿಆರ್‌ಎಂ (ಚಿಪ್ಪಿಗೆ ವೋಲ್ಟೇಜ್ ಕೊಡೋ ಭಾಗ) ಮೇಲೆ ಹೀಟ್‌ಸಿಂಕ್ ಬೇಕು.

ಅದಕ್ಕಿಂತ ದೊಡ್ಡ ಭಯ ನನಗೆ ಡೇಟಾದ್ದು. ಗೇಮ್ ಆಡ್ವಾಗ ಕ್ರ್ಯಾಶ್ ಆದ್ರೆ ಬೈಕೊಂಡು ಮತ್ತೆ ಶುರು ಮಾಡ್ತೀವಿ. ನಂದು ಹಂಗಲ್ಲ, ಒರಿಜಿನಲ್ ಫೈಲ್ ಅಳಿಸಿ ಕುಗ್ಗಿಸಿದ್ದನ್ನ ಇಟ್ಕೊಳ್ತೀನಿ, ಆ ಎನ್‌ಕೋಡಿಂಗಲ್ಲಿ ಒಂದೆರಡು ಫ್ರೇಮ್ ಹಾಳಾಗಿದ್ರೂ ನನಗೆ ಗೊತ್ತಾಗೋದು ಎರಡು ವರ್ಷ ಬಿಟ್ಟು ಯಾರಾದ್ರೂ ಕಾಪಿ ಕೇಳ್ದಾಗ. ಅವರ ಹತ್ರ ಹೋಗಿ ಇನ್ನೊಂದ್ಸಲ ತಾಳಿ ಕಟ್ಸಿ ಅನ್ನಕ್ಕಾಗತ್ತಾ?

ಅಂಡರ್‌ವೋಲ್ಟ್ ಬಗ್ಗೆ ಒಂದು ಮಾತು, ಇದನ್ನ ತುಂಬಾ ಜನ ಕೇಳ್ತಾರೆ. ಸ್ಪೀಡು ಹಂಗೇ ಇಟ್ಟು ವೋಲ್ಟೇಜ್ ಇಳಿಸಿದ್ರೆ ತಣ್ಣಗಿರತ್ತಲ್ಲ ಅಂತ ಎಸಿ ಲೋಡ್‌ಲೈನ್ ಅನ್ನೋ ಸೆಟ್ಟಿಂಗನ್ನ ಸ್ವಲ್ಪ ಸ್ವಲ್ಪ ಇಳಿಸ್ತಾ ಹೋದೆ. ಮೊದಲ ಕೆಲವು ಮೆಟ್ಲು ಒಳ್ಳೇದಾಯ್ತು, ವ್ಯಾಟೂ ಇಳೀತು ಟೆಂಪರೇಚರೂ ಇಳೀತು. ಇನ್ನೂ ಕೆಳಗೆ ಹೋದಾಗ ವಿಚಿತ್ರ, ಕ್ಲಾಕ್ 4.0 ಅಂತಾನೇ ತೋರಿಸ್ತಿದೆ, ಕ್ರ್ಯಾಶೂ ಇಲ್ಲ, ಆದ್ರೆ ಪ್ರೊಸೆಸರ್ ವೇಗ ಅಳೆಯೋ ಸಿನಿಬೆಂಚ್ ಆರ್23 ಸ್ಕೋರ್ ಮಾತ್ರ ಧಡಾರಂತ ಬಿತ್ತು. ಇದು ಸಿಇಪಿ ಅನ್ನೋ ರಕ್ಷಣೆ ವ್ಯವಸ್ಥೆ ಕೆಲಸ, ಬರಬೇಕಾದಷ್ಟು ವೋಲ್ಟೇಜ್ ಬರ್ತಿಲ್ಲ ಅನ್ಸಿದ್ರೆ ಚಿಪ್ಪು ಒಳಗೊಳಗೇ ಕ್ಲಾಕನ್ನ ತಡೆದು ನಿಧಾನ ಮಾಡತ್ತೆ. ಎಚ್‌ಡಬ್ಲ್ಯೂಇನ್‌ಫೋದಲ್ಲಿ ಮಾಮೂಲಿ ಕ್ಲಾಕ್ ಸಾಲಿನ ಕೆಳಗೆ ಎಫೆಕ್ಟಿವ್ ಕ್ಲಾಕ್ ಅಂತ ಬೇರೆ ಸಾಲುಗಳಿವೆ, ನಿಜ ಹೇಳೋದು ಅವು. ಲಾಕ್ ಆಗಿರೋ ಚಿಪ್ಪಲ್ಲಿ ಈ ಸಿಇಪಿನ ಆಫ್ ಮಾಡಕ್ಕೆ ಎಲ್ಲಾ ಬಯಾಸ್‌ನಲ್ಲೂ ಬಿಡಲ್ಲ, ನಂದರಲ್ಲೂ ಬಿಡ್ಲಿಲ್ಲ, ಹಂಗಾಗಿ ಸ್ಕೋರ್ ಬೀಳೋ ಜಾಗದಿಂದ ಎರಡು ಮೆಟ್ಲು ಮೇಲೆ ನಿಲ್ಲಿಸ್ದೆ.

ರ‍್ಯಾಮ್ ಕಡೆ ಹೆಚ್ಚು ಹೇಳೋದಿಲ್ಲ. ಎರಡು ಕಡ್ಡಿ ಡಿಡಿಆರ್4 3200, ಎಕ್ಸ್‌ಎಂಪಿ (ರ‍್ಯಾಮಿನ ರೆಡಿ ಸ್ಪೀಡ್ ಸೆಟ್ಟಿಂಗು) ಆನ್. ಲಾಕ್ ಚಿಪ್ಪಲ್ಲಿ ಮೆಮೊರಿ ಕಂಟ್ರೋಲರ್‌ನ ಎಸ್‌ಎ ವೋಲ್ಟೇಜೂ ಲಾಕೇ, ಆದ್ರಿಂದ ಗಿಯರ್ 1ರಲ್ಲಿ (ಕಂಟ್ರೋಲರೂ ರ‍್ಯಾಮೂ ಒಂದೇ ಸ್ಪೀಡಲ್ಲಿ ಓಡೋ ಮೋಡು) 3600 ಓಡ್ಸೋದು ಅದೃಷ್ಟದ ಆಟ, ನಂದು 3400ಕ್ಕೇ ರ‍್ಯಾಮ್ ಪರೀಕ್ಷೆ ಮಾಡೋ ಟೆಸ್ಟ್‌ಮೆಮ್5ನಲ್ಲಿ ಎರರ್ ಕೊಡ್ತು. ಒಂದೇ ಕಡ್ಡಿ ಹಾಕ್ಕೊಂಡಿರೋರು ಮಾತ್ರ ಓವರ್‌ಕ್ಲಾಕ್ ಮಾತು ಬಿಟ್ಟು ಮೊದ್ಲು ಇನ್ನೊಂದು ಕಡ್ಡಿ ತಗೊಳಿ. ಎಚ್610 ಬೋರ್ಡ್ ಇದ್ರೆ 3200 ಮೇಲೆ ಹೋಗೋ ಪ್ರಶ್ನೇನೇ ಇಲ್ಲ.

ಫೋನ್ ಮಾಡಿದ್ದ ಚಿಕ್ಕಪ್ಪನ ಮಗನಿಗೆ ಹೇಳಿದ್ದು ಇಷ್ಟೇ, ಕೈಯಾಡಿಸೋ ಆಸೆ ಇದ್ರೆ ಎಎಂಡಿಯ ರೈಜನ್ ಪ್ರೊಸೆಸರ್ ತಗೋ, 5600 ತರದ್ದು ಎಲ್ಲಾ ಅನ್‌ಲಾಕೇ ಬರತ್ತೆ, ಆದ್ರೆ ಬಿ450, ಬಿ550 ಬೋರ್ಡ್ ನೋಡ್ಕೋ, ಎ320, ಎ520ನಲ್ಲಿ ಪ್ರೊಸೆಸರ್ ಓವರ್‌ಕ್ಲಾಕ್ ಬಿಡಲ್ಲ ಅಂತ.

ನಾನು ಈಗಿರೋ ಸೆಟ್ಟಿಂಗನ್ನ ಬಯಾಸ್‌ನಲ್ಲಿ ಒಂದು ಪ್ರೊಫೈಲ್ ಮಾಡಿ ಸೇವ್ ಮಾಡಿದೀನಿ, ಬಿಕ್ಲಾಕ್ 100, ಪಿಎಲ್1 90. ಮುಂದೆ ಸೆಕೆಂಡ್ ಹ್ಯಾಂಡ್‌ನಲ್ಲಿ ಐ5-13500 ಒಳ್ಳೇ ರೇಟಿಗೆ ಸಿಕ್ರೆ ಇದೇ ಸಾಕೆಟ್ಟಿಗೆ ಕೂರತ್ತೆ, ಬಯಾಸ್ ಅಪ್‌ಡೇಟ್ ಮಾಡಿದ್ರೆ ಸಾಕು, ಆರು ಪಿ-ಕೋರ್ (ದೊಡ್ಡ ಕೋರ್) ಜೊತೆ ಎಂಟು ಇ-ಕೋರ್, ಎಕ್ಸ್265ಗೆ ಯಾವ ಓವರ್‌ಕ್ಲಾಕೂ ಕೊಡದಷ್ಟು ಅದರಲ್ಲೇ ಸಿಗತ್ತೆ. ಅದರ ಪಿಎಲ್2 154 ವ್ಯಾಟು. ನನ್ನ ಬೋರ್ಡಲ್ಲಿ ವಿಆರ್‌ಎಂನ ಒಂದು ಬದಿಗೆ ಮಾತ್ರ ಹೀಟ್‌ಸಿಂಕ್ ಇದೆ, ಹಂಗಾಗಿ ಅದು ಬಂದಾಗ ಲಿಮಿಟನ್ನ ಏರ್ಸೋದಲ್ಲ, 100ರ ಹತ್ರಕ್ಕೆ ಇಳಿಸಿ ಇಡ್ಬೇಕಾಗತ್ತೆ.