ಅರ್ಧ ಗಂಟೆ ಓಡಿ ನಿಲ್ಲುತ್ತಿದ್ದ ಡೀಸೆಲ್ ಇಂಜಿನ್

ಮೂಡಿಗೆರೆ ತಾಲ್ಲೂಕಿನ ಗೋಣಿಬೀಡು ಕಡೆ ನಮ್ಮದು ರೊಬಸ್ಟಾ ಕಾಫಿ ತೋಟ. ಕೆರೆ ಏರಿಯ ಪಕ್ಕದ ಇಂಜಿನ್ ಮನೆಯಲ್ಲಿ ಸ್ಪ್ರಿಂಕ್ಲರ್‌ಗಳಿಗೆ ನೀರೆತ್ತುವ ಪಂಪ್ ಓಡಿಸಲು ಅಪ್ಪನ ಕಾಲದ ಡೀಸೆಲ್ ಇಂಜಿನ್ ಇದೆ. ಎರಡು ಸಿಲಿಂಡರ್, 20 ಎಚ್‌ಪಿ, ನೀರಿನಿಂದ ತಂಪಾಗುವಂಥದ್ದು. ವರ್ಷದ ಬಹುಪಾಲು ಅದಕ್ಕೆ ಕೆಲಸವೇ ಇಲ್ಲ. ಫೆಬ್ರವರಿ, ಮಾರ್ಚ್ ಬಂದರೆ ಮಾತ್ರ ಇಡೀ ಫಸಲು ಅದರ ಕೈಯಲ್ಲಿ. ಈ ಸಲ ಹೂವಿನ ನೀರು, ಅಂದರೆ ಹೂ ಅರಳಿಸಲು ಬಿಡುವ ನೀರು, ಶುರು ಮಾಡಿದ ತೋಟದ ಮೊದಲ ಬ್ಲಾಕಿನಲ್ಲೇ ಅದು ಕೈಕೊಟ್ಟಿತು. ಚೆನ್ನಾಗಿ ಸ್ಟಾರ್ಟ್ ಆಗುತ್ತಿತ್ತು. ಅರ್ಧ ಗಂಟೆ, ಮುಕ್ಕಾಲು ಗಂಟೆ ಓಡುತ್ತಿತ್ತು. ಆಮೇಲೆ ಸದ್ದು ಇಳಿದು, ಸ್ಪ್ರಿಂಕ್ಲರ್ ಜೆಟ್ ಕುಸಿದು, ಇಂಜಿನ್ ನಿಂತೇ ಹೋಗುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು, ಡೀಸೆಲ್ ಪೈಪಿನಲ್ಲಿ ಸೇರಿದ ಗಾಳಿ ತೆಗೆದು ಹ್ಯಾಂಡಲ್ ಹೊಡೆದರೆ ಏನೂ ಆಗದವರ ಹಾಗೆ ಮತ್ತೆ ಸ್ಟಾರ್ಟ್.

ತರಕಾರಿಗೆ ನೀರು ಬಿಡುವಾಗ ಇಂಜಿನ್ ನಿಂತರೆ ನಾಳೆ ಬಿಡಬಹುದು. ರೊಬಸ್ಟಾ ಹೂವಿನ ನೀರಿನ ಕಥೆ ಹಾಗಲ್ಲ. ಒಣಗಿ ಕಾಯುತ್ತಿರುವ ಮೊಗ್ಗಿಗೆ ಒಂದು ಇಂಚಿಗಿಂತ ಕಡಿಮೆಯಾಗದ ಹಾಗೆ ನೀರು ಬೀಳಬೇಕು. ಬಿದ್ದರೆ ವಾರ, ಹತ್ತು ದಿನದಲ್ಲಿ ಹೂ ಬರುತ್ತದೆ. ಅರೆಬರೆ ನೀರು ಬಿದ್ದರೆ ಮೊಗ್ಗು ಎದ್ದಂತೆ ಮಾಡಿ ಪೂರ್ತಿ ಅರಳದೆ ಕರಟುತ್ತದೆ. ಅದೂ ಅಲ್ಲದೆ ರೊಬಸ್ಟಾ ತನ್ನ ಪರಾಗದಿಂದ ತಾನೇ ಕಾಯಿ ಕಟ್ಟುವುದಿಲ್ಲ. ಪಕ್ಕದ ಗಿಡದಿಂದ ಗಾಳಿ, ಜೇನು ತರಬೇಕು. ಬ್ಲಾಕ್ ಪೂರ್ತಿ ಒಟ್ಟಿಗೇ ಅರಳಿದರೆ ಒಳ್ಳೆಯದು. ಹಾಗಾಗಿ ಒಂದು ಸೆಟ್, ಅಂದರೆ ಸ್ಪ್ರಿಂಕ್ಲರ್ ಒಂದು ಜಾಗದಲ್ಲಿಟ್ಟು ಬಿಡುವ ನೀರು, ಶುರು ಮಾಡಿದ ಮೇಲೆ ನಡುವೆ ನಿಲ್ಲಿಸುವ ಹಾಗಿಲ್ಲ.

ಇಂಜಿನ್ ಕೆಟ್ಟಿದೆ ಅಂತ ಗೊತ್ತಾದರೆ ಸಾಕು, ಸುತ್ತಮುತ್ತ ಎಲ್ಲರೂ ಮೆಕ್ಯಾನಿಕ್‌ಗಳೇ. ಫೋನಿನಲ್ಲಿ ಸಿಕ್ಕಿದ ಮೆಕ್ಯಾನಿಕ್ ಒಬ್ಬರು, ‘ಸುಮ್ನೆ ತಲೆ ಕೆಡಿಸ್ಕೋಬೇಡಿ, ಇಂಜೆಕ್ಷನ್ ಪಂಪ್ ಬಿಚ್ಚಿ ಹಾಸನಕ್ಕೆ ಕಳಿಸಿ’ ಎಂದರು. ಡೀಸೆಲನ್ನು ಒತ್ತಡದಲ್ಲಿ ಸಿಲಿಂಡರ್ ಕಡೆ ತಳ್ಳುವ ಪಂಪ್ ಅದು. ನಮ್ಮ ಇಂಜಿನ್ ನೋಡಿಕೊಳ್ಳುವ ಮೇಸ್ತ್ರಿಗೆ ಸಿಲಿಂಡರಿನೊಳಗೆ ಡೀಸೆಲ್ ಸಿಂಪಡಿಸುವ ನಾಜಲ್ ಮೇಲೆ ಅನುಮಾನ.

‘ನಾಜಲ್ ಹೋಗಿದೆ ಗೌಡ್ರೇ, ಬರೆದುಕೊಡ್ತೀನಿ.’

‘ನಾಜಲ್ ಹೋಗಿದ್ರೆ ಬೆಳಿಗ್ಗೆ ಸ್ಟಾರ್ಟ್ ಮಾಡುವಾಗಲೂ ಹೋಗಿರಬೇಕಲ್ವಾ ಮೇಸ್ತ್ರೀ? ಮೊದಲರ್ಧ ಗಂಟೆ ಯಾಕೆ ಚೆನ್ನಾಗಿ ಓಡುತ್ತೆ?’

ಅವರು ಬೀಡಿ ಹಚ್ಚಿದರು. ಉತ್ತರ ಇಬ್ಬರ ಹತ್ತಿರವೂ ಇರಲಿಲ್ಲ. ಆದರೆ ಹುಡುಕಬೇಕಾದ ದಿಕ್ಕು ಆ ಪ್ರಶ್ನೆಯಲ್ಲೇ ಇತ್ತು. ಸವೆದ ಕಬ್ಬಿಣ ಕಾಲು ಗಂಟೆ ಸುಮ್ಮನೆ ಕೂತರೆ ಸರಿಹೋಗುವುದಿಲ್ಲ. ವಿಶ್ರಾಂತಿ ಕೊಟ್ಟರೆ ವಾಸಿಯಾಗುವ ಕಾಯಿಲೆ ಎರಡೇ: ಒಂದು ಬಿಸಿ, ಇನ್ನೊಂದು ಹರಿವು.

ಬಿಸಿಯನ್ನು ಮೊದಲು ನೋಡಿದೆವು, ಯಾಕೆಂದರೆ ಅದು ಸುಲಭ. ಇಂಜಿನ್ ನಿಂತ ತಕ್ಷಣ ಸಿಲಿಂಡರಿನ ಒತ್ತಡ ಬಿಡುವ ಡಿಕಂಪ್ರೆಷನ್ ಲಿವರ್ ಎತ್ತಿ ಹ್ಯಾಂಡಲ್ ತಿರುಗಿಸಿದೆ. ಸಲೀಸಾಗಿ ತಿರುಗಿತು. ಪಿಸ್ಟನ್ ಹಿಡಿಯುತ್ತಿದ್ದರೆ ಆ ಹೊತ್ತಿಗೆ ಕೈಗೆ ಗೊತ್ತಾಗುತ್ತದೆ. ತಂಪಿನ ನೀರು ಹೊರಗೆ ಬೀಳುವ ಪೈಪಿನ ಕೆಳಗೆ ಕೈ ಹಿಡಿದರೆ ಬೆಚ್ಚಗಿತ್ತು ಅಷ್ಟೇ. ಬಿಸಿಯ ಮೇಲಿನ ಅನುಮಾನ ಅಲ್ಲಿಗೆ ಮುಗಿಯಿತು.

ಆಮೇಲೆ ಹೊಗೆ. ಇಂಜಿನ್ ಸಾಯುವಾಗ ಸೈಲೆನ್ಸರ್ ಕಡೆ ನೋಡುತ್ತಾ ನಿಲ್ಲುವುದು ನನ್ನ ಪ್ರಕಾರ ಯಾವ ಮೀಟರಿಗಿಂತಲೂ ಒಳ್ಳೆಯದು. ಲೋಡ್ ತಡೆಯಲಾರದೆ ಸಾಯುವ ಇಂಜಿನ್ ಕಪ್ಪು ಹೊಗೆ ಉಗುಳಿ ಸಾಯುತ್ತದೆ. ಡೀಸೆಲ್ ಹೋಗುತ್ತಿದೆ, ಸುಡಲು ಗಾಳಿ ಸಾಲುತ್ತಿಲ್ಲ ಅಂತ ಅದರ ಅರ್ಥ. ನಮ್ಮದು ಹಾಗೆ ಮಾಡಲಿಲ್ಲ. ಸದ್ದು ಇಳಿಯುತ್ತಾ ಬಂದ ಹಾಗೆ ಹೊಗೆಯೂ ತೆಳ್ಳಗಾಗಿ, ಕೊನೆಗೆ ಇಲ್ಲವೇ ಇಲ್ಲ. ಇಂಜಿನ್ ವೇಗ ಕಾಯುವ ಗವರ್ನರ್ ರ‍್ಯಾಕನ್ನು (ಡೀಸೆಲ್ ಅಳತೆ ಬದಲಿಸುವ ಸರಳು) ಪೂರ್ತಿ ಡೀಸೆಲ್ ಕಡೆಗೆ ತಳ್ಳಿತ್ತು, ಆದರೂ ಹೊಗೆ ಇಲ್ಲ. ಅಂದರೆ ಡೀಸೆಲ್ ಅಲ್ಲಿವರೆಗೆ ಬರುತ್ತಿಲ್ಲ. ಪಂಪ್ ಹಾಸನಕ್ಕೆ ಹೋಗುವ ಮಾತನ್ನು ಅಲ್ಲಿಗೇ ಬಿಟ್ಟೆ.

ಡೀಸೆಲ್ ಬರುವ ದಾರಿ ಹೇಳಿಬಿಡುತ್ತೇನೆ. ನಮ್ಮ ಟ್ಯಾಂಕ್ ಇಂಜಿನ್ ಮನೆಯ ಹೊರಗೆ, ಸ್ವಲ್ಪ ತಗ್ಗಿನಲ್ಲಿದೆ. ಪೈಪ್ ಮೇಲಿನಿಂದ ಒಳಗಿಳಿದು ತಳದ ಹತ್ತಿರ ನಿಲ್ಲುತ್ತದೆ, ತುದಿಗೆ ಒಂದು ಜಾಲರಿ. ಅಲ್ಲಿಂದ ರಬ್ಬರ್ ಹೋಸ್, ಡೀಸೆಲ್ ಎಳೆದು ತರುವ ಫೀಡ್ ಪಂಪ್, ಎರಡು ಫಿಲ್ಟರ್, ಇಂಜೆಕ್ಷನ್ ಪಂಪ್, ನಾಜಲ್. ಇಷ್ಟರಲ್ಲಿ ಎಲ್ಲಿ ಬೇಕಾದರೂ ತಡೆ ಇರಬಹುದು. ಒಂದೊಂದನ್ನೇ ಬಿಚ್ಚುತ್ತಾ ಹೋದರೆ ದಿನಗಟ್ಟಲೆ ಬೇಕು. ಮೇಲಾಗಿ ಹಳೇ ಇಂಜಿನ್‌ನಲ್ಲಿ ಬಿಚ್ಚಿದ ಪ್ರತಿ ಜಾಯಿಂಟೂ ಹೊಸದೊಂದು ಲೀಕ್ ಆಗುವ ಅಪಾಯ ಇದ್ದೇ ಇದೆ.

ಮೊದಲು ಟ್ಯಾಂಕಿನ ಮುಚ್ಚಳ ಸಡಿಲಿಸಿ ಓಡಿಸಿದೆವು. ಮುಚ್ಚಳದ ಸಣ್ಣ ತೂತಿನಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿದರೂ ಸಾಕು, ಡೀಸೆಲ್ ಕಡಿಮೆಯಾದ ಹಾಗೆ ಒಳಗೆ ಗಾಳಿ ಹೋಗದೆ ಇಂಜಿನ್ ಹೀಗೇ ಸಾಯುತ್ತದೆ. ಮುಚ್ಚಳ ತೆಗೆದಾಗ ಉಸ್ಸ್ ಅಂತ ಗಾಳಿ ಎಳೆದುಕೊಂಡರೆ ಅದೇ ಕಾರಣ. ನಮ್ಮದರಲ್ಲಿ ಉಸ್ಸೂ ಇಲ್ಲ, ಉಪಯೋಗವೂ ಇಲ್ಲ.

ಆಮೇಲೆ ದಾರಿಯನ್ನು ನಡುವೆ ತುಂಡು ಮಾಡಿದೆವು. ತೊಳೆದು ಒಣಗಿಸಿದ 20 ಲೀಟರ್ ಕ್ಯಾನಿಗೆ ಬಂಕಿನಿಂದ ಹೊಸ ಡೀಸೆಲ್ ತಂದು ತುಂಬಿದೆ. ಹೊಸ ಹೋಸಿನ ಒಂದು ತುದಿ ಕ್ಯಾನಿಗೆ, ಇನ್ನೊಂದು ನೇರ ಫೀಡ್ ಪಂಪಿಗೆ. ನಾಜಲ್‌ಗಳಿಂದ ವಾಪಸ್ ಬರುವ ಸಣ್ಣ ಪೈಪನ್ನೂ ಅದೇ ಕ್ಯಾನಿಗೆ ತಿರುಗಿಸಿದೆ. ಮೇಸ್ತ್ರಿ ಕ್ಯಾನನ್ನು ಮಾಡಿನ ತೊಲೆಗೆ ತೂಗುಹಾಕಲು ಹಗ್ಗ ತಂದರು. ನಾನು ಬೇಡ ಎಂದೆ. ಮೇಲೆ ತೂಗುಹಾಕಿದರೆ ಡೀಸೆಲ್ ತಾನಾಗೇ ಇಳಿದು ಬರುತ್ತದೆ, ಫೀಡ್ ಪಂಪ್ ಸೋತಿದ್ದರೂ ಗೊತ್ತಾಗುವುದಿಲ್ಲ. ಟ್ಯಾಂಕ್ ಇರುವ ಮಟ್ಟದಲ್ಲೇ, ನೆಲದ ಮೇಲೆ ಇಟ್ಟು ಪಂಪಿನ ಕೈಯಲ್ಲಿ ಎಳೆಸಬೇಕು. ಆಗ ಮಾತ್ರ ಪರೀಕ್ಷೆಗೆ ಅರ್ಥ.

ಗಾಳಿ ತೆಗೆದು, ನೀರಿನ ಪಂಪಿನಿಂದ ಹೊರಹೋಗುವ ಪೈಪಿನ ಡೆಲಿವರಿ ವಾಲ್ವ್ ಮುಚ್ಚಿ ಸ್ಟಾರ್ಟ್ ಮಾಡಿ, ಮೆಲ್ಲಗೆ ವಾಲ್ವ್ ತೆರೆದು ಪೂರ್ತಿ ಲೋಡ್ ಕೊಟ್ಟೆವು. ಅರ್ಧ ಗಂಟೆ ಆಯಿತು. ಒಂದು ಗಂಟೆ ಆಯಿತು. ಸೆಟ್ ಮುಗಿಯುವವರೆಗೂ ಸದ್ದು ಒಂದೇ ಸಮ. ಲೋಡಿನಲ್ಲಿ ಗಂಟೆಗೆ ಮೂರು, ನಾಲ್ಕು ಲೀಟರ್ ಕುಡಿಯುವ ಇಂಜಿನ್‌ಗೆ ಒಂದು ಕ್ಯಾನ್ ಧಾರಾಳ ಸಾಕು. ಫೀಡ್ ಪಂಪಿನಿಂದ ನಾಜಲ್‌ವರೆಗೆ ಇದ್ದುದೆಲ್ಲ ಒಂದೇ ಏಟಿಗೆ ನಿರಪರಾಧಿ. ಆ ಬ್ಲಾಕಿನ ಉಳಿದ ಸೆಟ್‌ಗಳನ್ನು ಕ್ಯಾನಿನಲ್ಲೇ ಮುಗಿಸಿದೆವು. ಹೂವಿಗೆ ಕಾಯಲು ಆಗುವುದಿಲ್ಲ, ಟ್ಯಾಂಕಿಗೆ ಆಗುತ್ತದೆ.

ಪೈಪ್ ಶಿಫ್ಟ್ ಮಾಡುವ ಬಿಡುವಿನಲ್ಲಿ ಟ್ಯಾಂಕ್ ತಳದ ಡ್ರೈನ್ ನಟ್ ಬಿಚ್ಚಿ ಗಾಜಿನ ಬಾಟಲಿಗೆ ಹಿಡಿದೆ. ಕಂದು ಬಣ್ಣದ ಕಲಕು ಬಂತು. ಬಿಸಿಲಿನಲ್ಲಿಟ್ಟು ಕಾಫಿ ಕುಡಿದು ಬರುವಷ್ಟರಲ್ಲಿ ಪದರ ಬೇರೆಯಾಗಿತ್ತು. ಡೀಸೆಲ್ ಹಗುರ, ಮೇಲೆ ನಿಂತಿತ್ತು. ಅಡಿಯಲ್ಲಿ ಎರಡು ಬೆರಳು ನೀರು. ನಡುವೆ ಒಂದು ಕಪ್ಪು ಪೊರೆ, ಅಲ್ಲಾಡಿಸಿದರೆ ತುಂಡಾಗಿ ತೇಲುತ್ತಿತ್ತು. ಒಳಗಿನ ಪೈಪ್ ಎತ್ತಿ ನೋಡಿದರೆ ತುದಿಯ ಜಾಲರಿಯ ಮುಖವೆಲ್ಲ ಅದೇ ಲೋಳೆ, ಲೋಳೆಸರದ ತಿರುಳಿಗೆ ಮಸಿ ಕಲಸಿ ಮೆತ್ತಿದ ಹಾಗೆ. ಉಗುರಿನಿಂದ ಕೆರೆದರೆ ಎಳೆಎಳೆಯಾಗಿ ಬರುತ್ತಿತ್ತು.

ಇದು ಬರೀ ಕೊಳೆ ಅಲ್ಲ, ಬೆಳೆದದ್ದು. ಡೀಸೆಲ್ ಮತ್ತು ನೀರು ಸೇರುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು, ಬೂಷ್ಟು ಬೆಳೆಯುತ್ತವೆ. ನೀರು ಅವಕ್ಕೆ ಮನೆ, ಡೀಸೆಲ್ ಊಟ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಅರ್ಧ ತುಂಬಿದ ಟ್ಯಾಂಕ್ ತಿಂಗಳುಗಟ್ಟಲೆ ಸುಮ್ಮನೆ ಕೂತರೆ ಮೇಲಿನ ಖಾಲಿ ಜಾಗದ ಒದ್ದೆ ಗಾಳಿ ತಗಡಿಗೆ ತಾಗಿ ನೀರಾಗುತ್ತದೆ, ತಳಕ್ಕೆ ಇಳಿಯುತ್ತದೆ. ಇಂಜಿನ್ ಓಡುವಾಗ ಎಳೆತಕ್ಕೆ ಲೋಳೆ ಜಾಲರಿಗೆ ಬಂದು ಅಂಟಿಕೊಳ್ಳುತ್ತದೆ. ಅರ್ಧ ಗಂಟೆಯಲ್ಲಿ ತೂತುಗಳೆಲ್ಲ ಮುಚ್ಚುತ್ತವೆ. ಇಂಜಿನ್ ನಿಂತರೆ ಎಳೆತ ಇಲ್ಲ, ಲೋಳೆ ಕಳಚಿ ಕೆಳಗೆ ಬೀಳುತ್ತದೆ, ದಾರಿ ಮತ್ತೆ ತೆರೆಯುತ್ತದೆ. ಹಾಯಿದೋಣಿಗಳಲ್ಲಿ ಇರುವ ಸಣ್ಣ ಡೀಸೆಲ್ ಇಂಜಿನ್‌ಗಳಿಗೂ ಇದೇ ಕಾಟ. ಅವರದು ಇನ್ನೂ ಕಷ್ಟ: ದಡದಲ್ಲಿ ಚೆನ್ನಾಗಿ ಓಡುವ ಇಂಜಿನ್, ಅಲೆ ಎದ್ದು ಟ್ಯಾಂಕಿನ ತಳ ಕಲಕಿದಾಗಲೇ, ಅಂದರೆ ಬೇಕೇ ಬೇಕಾದ ಹೊತ್ತಿಗೇ, ನಿಲ್ಲುತ್ತದೆ.

ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಬಟ್ಟೆ ಹಾಕಿ ಒರೆಸಿ, ಸ್ವಲ್ಪ ಹೊಸ ಡೀಸೆಲ್ ಹಾಕಿ ಕುಲುಕಿ ಚೆಲ್ಲಿದೆವು. ಎಳೆ ಬಿಡುವ ಹತ್ತಿ ವೇಸ್ಟ್ ಮಾತ್ರ ಟ್ಯಾಂಕಿನ ಹತ್ತಿರ ಬರಬಾರದು, ಅದರ ಎಳೆಯೇ ಮುಂದಿನ ತಡೆ. ಎರಡೂ ಫಿಲ್ಟರ್ ಹೊಸದು ಹಾಕಿದೆ. ಇನ್ನು ಮುಂದೆ ಮಳೆಗಾಲಕ್ಕೆ ಮುಂಚೆ ಟ್ಯಾಂಕ್ ಕಂಠಪೂರ್ತಿ ತುಂಬಿಸಿಡುತ್ತೇನೆ. ಗಾಳಿಗೆ ಜಾಗ ಇಲ್ಲದಿದ್ದರೆ ನೀರೂ ಇಲ್ಲ.

ಟ್ಯಾಂಕ್ ಸರಿಯಾದ ಮೇಲೆ ಇನ್ನೊಂದು ತೊಂದರೆ ಉಳಿಯಿತು. ಬೆಳಿಗ್ಗೆ ಹೊತ್ತು ಸ್ಟಾರ್ಟ್ ಆಗಲು ಹಟ. ಪ್ರತಿ ಸಲ ಗಾಳಿ ತೆಗೆಯಬೇಕು. ರಾತ್ರಿಯೆಲ್ಲ ಎಲ್ಲಿಂದಲೋ ಗಾಳಿ ಒಳಗೆ ಬರುತ್ತಿತ್ತು. ಎಳೆಯುವ ಕಡೆಯ ಲೀಕಿನ ಮೋಸ ಏನೆಂದರೆ ಅಲ್ಲಿ ಡೀಸೆಲ್ ತೊಟ್ಟಿಕ್ಕುವುದಿಲ್ಲ. ಹೊರಗೆಲ್ಲ ಒಣಗಿಯೇ ಇರುತ್ತದೆ, ಗಾಳಿ ಮಾತ್ರ ಒಳಗೆ ಹೋಗುತ್ತದೆ. ಫೀಡ್ ಪಂಪಿಗೆ ಮುಂಚೆ ಒಂದು ಮೊಳ ಪಾರದರ್ಶಕ ಹೋಸ್ ಹಾಕಿ ಟಾರ್ಚ್ ಬಿಟ್ಟು ನೋಡಿದೆ. ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸಾಲಾಗಿ ಬರುತ್ತಿದ್ದವು. ಹಳೇ ರಬ್ಬರ್ ಹೋಸ್ ಬಗ್ಗಿಸಿದರೆ ಮೈತುಂಬ ಬಿರುಕು. ಅದನ್ನು ಬದಲಾಯಿಸಿದ ಮೇಲೆ ಗುಳ್ಳೆ ಕಡಿಮೆಯಾಯಿತು, ನಿಲ್ಲಲಿಲ್ಲ.

ಉಳಿದದ್ದು ಡೀಸೆಲ್ ಪೈಪನ್ನು ಜೋಡಿಸುವ ಟೊಳ್ಳು ಬೋಲ್ಟಿನ (ಬ್ಯಾಂಜೋ ಬೋಲ್ಟ್) ತಾಮ್ರದ ವಾಷರ್. ಎಷ್ಟೋ ಸಲ ಬಿಚ್ಚಿ ಬಿಗಿದು ಅದರ ಮುಖದಲ್ಲಿ ಉಂಗುರದ ಹಾಗೆ ಗೀರು ಬಿದ್ದಿತ್ತು. ತಾಮ್ರ ಒತ್ತಿದಷ್ಟೂ ಗಡುಸಾಗುತ್ತದೆ, ಗಡುಸಾದರೆ ಸಂದು ಮುಚ್ಚುವುದಿಲ್ಲ. ಇನ್ನೂ ಬಿಗಿ ಮಾಡಿದರೆ ಬೋಲ್ಟ್ ತುಂಡಾಗುತ್ತದೆಯೇ ಹೊರತು ಲೀಕ್ ನಿಲ್ಲುವುದಿಲ್ಲ. ಹೊಸ ವಾಷರ್ ಕೈಯಲ್ಲಿ ಇರಲಿಲ್ಲ. ಹಳೆಯದನ್ನೇ ಚಪ್ಪಟೆ ಕಲ್ಲಿನ ಮೇಲೆ ನುಣ್ಣಗೆ ಉಜ್ಜಿ, ಗ್ಯಾಸ್ ಒಲೆಯಲ್ಲಿ ಕೆಂಪಗೆ ಕಾಯಿಸಿ, ನೀರಿಗೆ ಹಾಕಿದೆ. ಮತ್ತೆ ಮೆತ್ತಗಾಯಿತು. ಅಡಿಗೆಮನೆಯಲ್ಲಿ ಅಮ್ಮ ಏನಂದರು ಅನ್ನುವುದು ಇಲ್ಲಿ ಬೇಡ. ಗುಳ್ಳೆ ನಿಂತಿತು.

ಗಾಳಿ ತೆಗೆಯುವುದಕ್ಕೂ ಒಂದು ಕ್ರಮ ಇದೆ. ಟ್ಯಾಂಕಿನ ಕಡೆಯಿಂದ ಶುರು ಮಾಡಬೇಕು: ಮೊದಲು ಫಿಲ್ಟರ್, ಆಮೇಲೆ ಇಂಜೆಕ್ಷನ್ ಪಂಪ್, ಕೊನೆಗೆ ನಾಜಲ್ ಪೈಪಿನ ನಟ್. ನಟ್ ಸಡಿಲಿಸಿದಾಗ ಬೆರಳು, ಮುಖ ದೂರ ಇರಲಿ. ನಾಜಲ್ ತೆರೆಯುವುದು ಸುಮಾರು 200 ಬಾರ್ ಒತ್ತಡದಲ್ಲಿ. ಆ ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಗೇ ಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ಅದು ತಕ್ಷಣ ಆಸ್ಪತ್ರೆಗೆ ಓಡಬೇಕಾದ ವಿಷಯ.

ಮೇಲಿನ ಬ್ಲಾಕಿಗೆ ಹೋದಾಗ ಬೇರೆಯೇ ಥರದ ತಕರಾರು. ಈ ಸಲ ಕಪ್ಪು ಹೊಗೆ, ಸದ್ದು ಭಾರ. ಜೆಟ್ ಕೂಡ ಗೋಳಾಡುತ್ತಿತ್ತು. ಮೇಸ್ತ್ರಿ ವಾಲ್ವ್ ಇನ್ನೂ ತೆರೆಯಲು ಹೊರಟರು. ನಾನು ಸ್ವಲ್ಪ ಮುಚ್ಚಲು ಹೇಳಿದೆ. ಮುಚ್ಚಿದರೆ ಇಂಜಿನ್‌ಗೆ ಭಾರ ಜಾಸ್ತಿ ಆಗುವುದಿಲ್ವಾ ಅಂತ ಅವರ ಪ್ರಶ್ನೆ. ತುಂಬಾ ಜನ ಹಾಗೇ ಅಂದುಕೊಂಡಿದ್ದಾರೆ. ನಮ್ಮಂಥ ಸೆಂಟ್ರಿಫ್ಯೂಗಲ್ ಪಂಪಿನಲ್ಲಿ ಉಲ್ಟಾ: ನೀರು ಎಷ್ಟು ಜಾಸ್ತಿ ಹರಿಯುತ್ತದೋ ಅಷ್ಟು ಭಾರ ಜಾಸ್ತಿ. ವಾಲ್ವ್ ಮುಚ್ಚಿ ಸ್ಟಾರ್ಟ್ ಮಾಡುವುದೂ ಅದಕ್ಕೇ. ಅರ್ಧ ಸುತ್ತು ಮುಚ್ಚುತ್ತಿದ್ದ ಹಾಗೆ ಹೊಗೆ ತಿಳಿಯಾಯಿತು. ಲೈನ್ ಹಿಡಿದು ನಡೆದರೆ ಕೆಳಗಿನ ತಿರುವಿನಲ್ಲಿ ಕಪ್ಲಿಂಗ್ ರಬ್ಬರ್ ಹೊರಬಂದು ನೀರು ಚರಂಡಿ ಪಾಲಾಗುತ್ತಿತ್ತು. ಇಂಜಿನ್‌ದು ತಪ್ಪೇ ಇರಲಿಲ್ಲ.

ಜೆಟ್ ದೂರ ಹೋಗಲಿ ಅಂತ ಗವರ್ನರ್ ಸ್ಕ್ರೂ ತಿರುಗಿಸುವವರೂ ಇದ್ದಾರೆ. ಪಂಪಿನ ವೇಗ 10% ಏರಿಸಿದರೆ ಅದು ಕೇಳುವ ಶಕ್ತಿ ಸುಮಾರು 33% ಏರುತ್ತದೆ. ಹಳೇ ಇಂಜಿನ್ ಅದನ್ನು ಎಲ್ಲಿಂದ ತರಬೇಕು ಹೇಳಿ. ನಾನು ಆ ಸ್ಕ್ರೂಗೆ ಪೇಂಟ್ ಹಚ್ಚಿಟ್ಟಿದ್ದೇನೆ, ಯಾರು ಮುಟ್ಟಿದರೂ ಗೊತ್ತಾಗುತ್ತದೆ.

ಉಳಿದ ಕೆಲಸ ಮಾಮೂಲಿ. ಇಂಜಿನ್ ತಣ್ಣಗಿದ್ದಾಗ ಟ್ಯಾಪೆಟ್ ಗ್ಯಾಪ್, ಅಂದರೆ ಸಿಲಿಂಡರಿನ ವಾಲ್ವ್‌ಗಳ ಮೇಲೆ ಬಿಡುವ ಸಂದು, ನೋಡಿದೆವು, ಒಂದು ವಾಲ್ವ್ ಬಿಗಿ ಇತ್ತು, ಸರಿ ಮಾಡಿದೆವು. ತಂಪಿಗೆ ಅಂತ ಪಂಪಿನ ಡೆಲಿವರಿಯಿಂದ ತೆಗೆದ ಸಣ್ಣ ಪೈಪಿನ ಜಾಲರಿಯಲ್ಲಿ ಕೆರೆ ಪಾಚಿ ಇತ್ತು, ತೊಳೆದೆವು. ಡಿಪ್‌ಸ್ಟಿಕ್ ಮಾತ್ರ ದಿನಾ ಮೂಸಿ ನೋಡುತ್ತೇನೆ. ಆಯಿಲ್ ಮಟ್ಟ ತಾನಾಗೇ ಏರಿದರೆ ಖುಷಿ ಪಡುವಂತಿಲ್ಲ. ಫೀಡ್ ಪಂಪಿನಿಂದ ಡೀಸೆಲ್ ಇಂಜಿನ್ ತಳದ ಆಯಿಲ್ ತೊಟ್ಟಿಗೆ ಇಳಿಯುತ್ತಿರಬಹುದು. ಹಾಗೆ ತೆಳ್ಳಗಾದ ಆಯಿಲ್‌ನಲ್ಲಿ ಬೇರಿಂಗ್ ಉಳಿಯುವುದಿಲ್ಲ. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಅಂತ.

ಹೂ ಒಟ್ಟಿಗೇ ಬಂತು. ಎರಡು, ಮೂರು ವಾರ ಬಿಟ್ಟು ಕಾಯಿ ನಿಲ್ಲಲಿ ಅಂತ ಕೊಡುವ ಬ್ಯಾಕಿಂಗ್ ನೀರೂ ತೊಂದರೆ ಇಲ್ಲದೆ ಮುಗಿಯಿತು. ಪಕ್ಕದ ತೋಟದವರು ಈ ಹಳೇದನ್ನು ಗುಜರಿಗೆ ಹಾಕಿ ಮೋಟಾರ್ ಕೂರಿಸಿ ಅಂತ ಪ್ರತಿ ವರ್ಷ ಹೇಳುತ್ತಾರೆ. ತ್ರೀ ಫೇಸ್ ಕರೆಂಟ್ ಬಂದಾಗಷ್ಟೇ ಮೋಟಾರ್ ಓಡುವುದು. ಫೆಬ್ರವರಿಯಲ್ಲಿ ಕರೆಂಟ್ ನಂಬಿ ಸೆಟ್ ಶುರು ಮಾಡಲು ನನಗಂತೂ ಧೈರ್ಯ ಇಲ್ಲ.

ಆದರೂ ಇಂಜಿನ್ ಪೂರ್ತಿ ಗಟ್ಟಿ ಇದೆ ಅಂತ ಹೇಳಲಾರೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಹೊತ್ತು ನೀಲಿ ಹೊಗೆ ಬರುತ್ತದೆ, ಅಂದರೆ ಆಯಿಲ್ ಸುಡುತ್ತಿದೆ. ಇಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪಿಗೆ ಕೈ ಅಡ್ಡ ಹಿಡಿದರೆ ಉಫ್ ಉಫ್ ಅಂತ ಗಾಳಿ ತಾಗುತ್ತದೆ. ಪಿಸ್ಟನ್ ರಿಂಗ್ ಸವೆದಿವೆ, ಪಿಸ್ಟನ್ ಓಡಾಡುವ ಕೊಳವೆ, ಅಂದರೆ ಲೈನರ್ ಕೂಡ ಸವೆದಿರಬಹುದು. ಮಳೆಗಾಲದಲ್ಲಿ ಹೆಡ್ ಇಳಿಸಬೇಕು ಅಂದುಕೊಂಡಿದ್ದೇವೆ. ಮೇಸ್ತ್ರಿ ರಿಂಗ್ ಸೆಟ್ ಈಗಲೇ ತಂದಿಡೋಣ ಅನ್ನುತ್ತಾರೆ. ನಾನು ತಡೆದಿದ್ದೇನೆ. ಲೈನರನ್ನು ಹಾಸನದಲ್ಲಿ ಅಳೆಸಿದ ಮೇಲೆ ತಾನೇ ಸ್ಟ್ಯಾಂಡರ್ಡ್ ಸೈಜ್ ತರಬೇಕೋ ಓವರ್‌ಸೈಜ್ ತರಬೇಕೋ ಅಂತ ಗೊತ್ತಾಗುವುದು.